ಕಬ್ಬಿಣ ತೊಡದ ಕಾಡಿನ ಪುರೋಹಿತ

ಹೀಗೊಂದು ಸನ್ನಿವೇಶವನ್ನು ಊಹಿಸಿಕೊಳ್ಳಿ. ಒಂದು ಮೇಜು, ಅದರ ಸುತ್ತ ಐದು ಮಂದಿ. ಎದುರಿಗೆ ಕಾಗದ, ಪೆನ್ಸಿಲು, ಇಪ್ಪತ್ತು ಮುಖಗಳ ದಾಳ. ಅವರು ಕಟ್ಟುತ್ತಿರುವ ಕಥೆಯಲ್ಲಿ ಈಗಷ್ಟೇ ಒಂದು ಕಾಳಗ ಮುಗಿದಿದೆ. ಸತ್ತು ಬಿದ್ದ ಶತ್ರುವಿನ ಮೈಮೇಲೆ ಹೊಳೆಯುವ ಉಕ್ಕಿನ ಕವಚ. ಗಾಯಗೊಂಡು ಏದುಸಿರು ಬಿಡುತ್ತಿರುವ ಒಂದು ಪಾತ್ರಕ್ಕೆ ಅದು ಅಳತೆ ಕೊಟ್ಟು ಮಾಡಿಸಿದಂತೆ ಹೊಂದುತ್ತದೆ. ಮುಂದಿನ ಕೋಣೆಯಲ್ಲಿ ಇನ್ನಷ್ಟು ಶತ್ರುಗಳಿದ್ದಾರೆ. ಜೊತೆಗಾರರು ‘ತೊಟ್ಟುಕೋ’ ಎಂದು ಒತ್ತಾಯಿಸುತ್ತಾರೆ. ಆ ಪಾತ್ರವನ್ನು ಆಡುತ್ತಿರುವವರು ಮಾತ್ರ ತಲೆಯಲ್ಲಾಡಿಸುತ್ತಾರೆ: ‘ನನ್ನದು ಡ್ರೂಯಿಡ್ ಪಾತ್ರ. ಲೋಹದ ಕವಚ ತೊಡುವಂತಿಲ್ಲ.’

ಪ್ರಾಣ ಹೋಗುವಂತಿದ್ದರೂ ಕವಚ ಬೇಡ ಎನ್ನುವ ಈ ನಿಯಮ ಎಲ್ಲಿಂದ ಬಂತು? ಆಟದ ಪುಸ್ತಕದಲ್ಲಿ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುವ ಸಂಗತಿ ಇದು. ಆದರೆ ಅದರ ಬೇರು ಹುಡುಕುತ್ತಾ ಹೊರಟರೆ ಎರಡು ಸಾವಿರ ವರ್ಷ ಹಿಂದಕ್ಕೆ, ರೋಮನ್ನರ ಕಾಲದವರೆಗೆ ಹೋಗಬೇಕಾಗುತ್ತದೆ. ಅಷ್ಟೇ ಅಲ್ಲ, ಪ್ರಕೃತಿಗೆ ಹತ್ತಿರವಾಗಿ ಬದುಕುವವರೆಂದರೆ ಹೇಗಿರಬೇಕು ಎಂಬ ನಮ್ಮೆಲ್ಲರ ಕಲ್ಪನೆಯ ಒಂದು ದೋಷವೂ ಅಲ್ಲಿ ಸಿಕ್ಕಿಬೀಳುತ್ತದೆ.

ದಾಳ ಉರುಳಿಸಿ ಕಥೆ ಕಟ್ಟುವುದು

ಮೊದಲು ಆಟದ ಬಗ್ಗೆ ನಾಲ್ಕು ಮಾತು. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಈ ಆಟ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ರೂಪಿಸಿದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಇದರಲ್ಲಿ ಚದುರಂಗದಂತೆ ಕಾಯಿ ನಡೆಸಿ ಎದುರಾಳಿಯನ್ನು ಸೋಲಿಸುವುದಿಲ್ಲ. ಒಬ್ಬರು ಸೂತ್ರಧಾರರಾಗಿ ಊರು, ಕಾಡು, ಗುಹೆ, ಶತ್ರುಗಳನ್ನು ವರ್ಣಿಸುತ್ತಾರೆ. ಉಳಿದವರು ಒಂದೊಂದು ಪಾತ್ರ ವಹಿಸಿ ‘ನಾನು ಹೀಗೆ ಮಾಡುತ್ತೇನೆ’ ಎನ್ನುತ್ತಾರೆ. ಮಾಡಿದ್ದು ಫಲಿಸಿತೇ ಇಲ್ಲವೇ ಎಂಬುದನ್ನು ದಾಳ ಹೇಳುತ್ತದೆ.

ಪ್ರತಿ ಪಾತ್ರಕ್ಕೂ ಒಂದು ವರ್ಗವಿದೆ. ಯೋಧನಿಗೆ ಎಲ್ಲ ಆಯುಧ, ಎಲ್ಲ ಕವಚ ಒಗ್ಗುತ್ತವೆ, ಮಂತ್ರ ಬಾರದು. ಮಾಂತ್ರಿಕನಿಗೆ ಮಂತ್ರ ಬರುತ್ತದೆ, ಆರಂಭದ ನಿಯಮಗಳಲ್ಲಿ ಅವನು ಕವಚ ತೊಡುವಂತಿರಲಿಲ್ಲ. ಡ್ರೂಯಿಡ್ ಎಂದರೆ ಕಾಡಿನ ಪುರೋಹಿತ. ಗಿಡಮರಗಳೂ ಪ್ರಾಣಿಗಳೂ ಅವನ ಮಾತು ಕೇಳುತ್ತವೆ, ಮಳೆ ಸಿಡಿಲುಗಳು ಅವನ ಕೈಯಲ್ಲಿವೆ. ಪಳಗಿದ ಮೇಲೆ ಪ್ರಾಣಿಯ ರೂಪವನ್ನೂ ತಾಳಬಲ್ಲ.

ಈ ಡ್ರೂಯಿಡ್ 1975ರ ಒಂದು ಅನುಬಂಧದಲ್ಲಿ ಎದುರಾಳಿಯಾಗಿ ಕಾಣಿಸಿಕೊಂಡಿದ್ದ. ಆಟಗಾರರು ತಾವೇ ಆಡಬಹುದಾದ ವರ್ಗವಾಗಿ ಬಂದದ್ದು 1976ರಲ್ಲಿ. ಅದರ ಶ್ರೇಯಸ್ಸು ಡೆನ್ನಿಸ್ ಸಸ್ಟಾರ್ ಅವರಿಗೆ ಸಲ್ಲುತ್ತದೆ. ಕಟ್ಟಳೆ ಆಗಲೇ ಜೊತೆಗೆ ಬಂದಿತ್ತು: ಕವಚ ಚರ್ಮದ್ದಾಗಿರಬೇಕು, ಗುರಾಣಿ ಮರದ್ದಾಗಿರಬೇಕು, ಲೋಹದ ಕವಚ ಕೂಡದು. 1978ರ ಪುಸ್ತಕ ಕಾರಣವನ್ನೂ ಹೇಳಿತು: ಲೋಹದ ಕವಚ ಅವನ ಮಂತ್ರಶಕ್ತಿಯನ್ನು ಕೆಡಿಸುತ್ತದೆ.

ಇಷ್ಟಾಗಿಯೂ ಡ್ರೂಯಿಡ್ ವಕ್ರಖಡ್ಗವನ್ನೂ ಕಠಾರಿಯನ್ನೂ ಹಿಡಿಯಬಹುದಿತ್ತು. ಅವೇನು ಮರದವೇ? ಕೈಯಲ್ಲಿ ಹಿಡಿದ ಕಬ್ಬಿಣ ಸರಿ, ಮೈಮೇಲೆ ತೊಟ್ಟ ಕಬ್ಬಿಣ ತಪ್ಪು ಎಂಬ ಈ ವಿಚಿತ್ರ ಆಟಗಾರರ ತಲೆ ತಿನ್ನುತ್ತಲೇ ಬಂದಿದೆ.

ನಷ್ಟದ ಲೆಕ್ಕ

ನಿಯಮದ ಒಂದು ಕಾರಣ ಶುದ್ಧ ಲೆಕ್ಕಾಚಾರದ್ದು. ಮಂತ್ರ, ಚಿಕಿತ್ಸೆ, ರೂಪಾಂತರ ಎಲ್ಲವನ್ನೂ ಬಲ್ಲ ಪಾತ್ರಕ್ಕೆ ಯೋಧನ ಕವಚವೂ ಸಿಕ್ಕಿಬಿಟ್ಟರೆ ಉಳಿದವರು ಆಡುವುದೇಕೆ? ಎಲ್ಲರಿಗೂ ಕೆಲಸವಿರಬೇಕಾದರೆ ಪ್ರತಿಯೊಬ್ಬರಲ್ಲೂ ಒಂದು ಕೊರತೆ ಇರಬೇಕು.

ಕೊರತೆ ಎಷ್ಟು ದೊಡ್ಡದು ಎಂಬುದನ್ನು 2014ರ ಐದನೆಯ ಆವೃತ್ತಿಯ ಅಂಕಿಗಳಿಂದ ನೋಡೋಣ. ಅದರಲ್ಲಿ ಹದ ಮಾಡದ ದಪ್ಪ ತೊಗಲಿನ ಕವಚದ ರಕ್ಷಣಾಂಕ 12, ಉಕ್ಕಿನ ಅರೆಕವಚದ್ದು 15. ಸಾಕಷ್ಟು ಚುರುಕಾದ ಪಾತ್ರವಾದರೆ ಎರಡಕ್ಕೂ 2 ಸೇರುತ್ತದೆ. ಅಂದರೆ 14 ಮತ್ತು 17. ಶತ್ರು ಇಪ್ಪತ್ತು ಮುಖದ ದಾಳ ಉರುಳಿಸಿ, ಬಂದ ಸಂಖ್ಯೆಗೆ ತನ್ನ ಬಲದ 4 ಸೇರಿಸುತ್ತಾನೆ ಎನ್ನಿ. ಮೊತ್ತ ರಕ್ಷಣಾಂಕವನ್ನು ಮುಟ್ಟಿದರೆ ಏಟು ಬಿದ್ದಂತೆ. ತೊಗಲು ತೊಟ್ಟವನಿಗೆ ಏಟು ಬೀಳಲು ದಾಳದಲ್ಲಿ 10 ಸಾಕು, ಉಕ್ಕು ತೊಟ್ಟವನಿಗೆ 13 ಬೇಕು. ನೂರು ಹೊಡೆತಗಳಲ್ಲಿ ಮೊದಲಿನವನಿಗೆ ಸರಾಸರಿ 55 ತಾಗಿದರೆ ಎರಡನೆಯವನಿಗೆ 40. ಹದಿನೈದು ಹೆಚ್ಚಿನ ಏಟುಗಳು ಡ್ರೂಯಿಡ್ ತನ್ನ ನಿಯಮಕ್ಕೆ ತೆರುವ ಬೆಲೆ.

ಆದರೆ ಸಮತೋಲವೊಂದೇ ಉದ್ದೇಶವಾಗಿದ್ದರೆ ‘ಭಾರದ ಕವಚ ಬೇಡ’ ಎಂದರೆ ಸಾಕಿತ್ತು. ಲೋಹವನ್ನೇ ಹೆಸರಿಸಿ ನಿಷೇಧಿಸಿದ್ದೇಕೆ? ಅದಕ್ಕೆ ಉತ್ತರ ಇತಿಹಾಸದಲ್ಲಿದೆ.

ರೋಮನ್ನರು ಕಂಡ ಡ್ರೂಯಿಡರು

ಡ್ರೂಯಿಡರು ಕಲ್ಪನೆಯವರಲ್ಲ. ಇಂದಿನ ಫ್ರಾನ್ಸ್ ಮತ್ತು ಬ್ರಿಟನ್ನಿನಲ್ಲಿದ್ದ ಕೆಲ್ಟ್ ಜನರ ಪುರೋಹಿತ ವರ್ಗ ಅದು. ಅವರು ತಮ್ಮ ವಿದ್ಯೆಯನ್ನು ಬರೆದಿಡುತ್ತಿರಲಿಲ್ಲ, ಬಾಯಿಪಾಠ ಮಾಡುತ್ತಿದ್ದರು. ಹೀಗಾಗಿ ಅವರ ಬಗ್ಗೆ ನಮಗೆ ತಿಳಿದಿರುವುದರ ಬಹುಪಾಲು ಅವರನ್ನು ಗೆದ್ದವರು ಬರೆದದ್ದು. ಜೂಲಿಯಸ್ ಸೀಸರ್ ಪ್ರಕಾರ ಕೆಲವರು ಇಪ್ಪತ್ತು ವರ್ಷ ಕಲಿಯುತ್ತಿದ್ದರು, ವ್ಯಾಜ್ಯ ತೀರ್ಮಾನಿಸುತ್ತಿದ್ದರು. ಅವರಿಗೆ ಯುದ್ಧದಿಂದಲೂ ತೆರಿಗೆಯಿಂದಲೂ ವಿನಾಯಿತಿ ಇತ್ತು.

ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿ ಸ್ಫೋಟದಲ್ಲಿ ತೀರಿಕೊಂಡ ಪ್ಲಿನಿ ಇನ್ನೊಂದು ಚಿತ್ರ ಕೊಡುತ್ತಾನೆ. ಚಂದ್ರಮಾಸದ ಆರನೆಯ ದಿನ ಬಿಳಿಯ ಬಟ್ಟೆಯುಟ್ಟ ಪುರೋಹಿತ ಓಕ್ ಮರ ಹತ್ತಿ, ಅದರ ಮೇಲೆ ಬೆಳೆದ ಬಂದಳಿಕೆಯನ್ನು ಚಿನ್ನದ ಕುಡುಗೋಲಿನಿಂದ ಕೊಯ್ಯುತ್ತಾನೆ. ಕೆಳಗೆ ನಿಂತವರು ಅದನ್ನು ಬಿಳಿಯ ವಸ್ತ್ರದಲ್ಲಿ ಹಿಡಿಯುತ್ತಾರೆ. ಎರಡು ಬಿಳಿಯ ಹೋರಿಗಳ ಬಲಿ ನಡೆಯುತ್ತದೆ. ಡ್ರೂಯಿಡರು ಬಳಸುತ್ತಿದ್ದ ‘ಸೆಲಾಗೊ’ ಎಂಬ ಇನ್ನೊಂದು ಮೂಲಿಕೆಯನ್ನು ಕಬ್ಬಿಣ ತಾಗಿಸದೆ ಕೀಳಬೇಕಿತ್ತು ಎಂದೂ ಪ್ಲಿನಿ ಬರೆದಿದ್ದಾನೆ. ಆಟದ ಡ್ರೂಯಿಡ್ ಬಂದಳಿಕೆಯನ್ನು ಪವಿತ್ರ ಚಿಹ್ನೆಯಾಗಿ ಧರಿಸುವುದು, ಕುಡುಗೋಲಿನ ಬಾಗಿದ ಆಕಾರವುಳ್ಳ ವಕ್ರಖಡ್ಗಕ್ಕೆ ಅವನಿಗೆ ಅನುಮತಿ ಸಿಕ್ಕಿದ್ದು ಇವೆಲ್ಲಕ್ಕೂ ಈ ವರ್ಣನೆಯೇ ಮೂಲ.

ಕಬ್ಬಿಣಕ್ಕೆ ಮೈಲಿಗೆ ಹಚ್ಚಿದವರು ಕೆಲ್ಟರೊಬ್ಬರೇ ಅಲ್ಲ. ರೋಮಿನ ಪ್ರಧಾನ ಅರ್ಚಕನೊಬ್ಬನ ಕ್ಷೌರಕ್ಕೆ ಕಂಚಿನ ಕತ್ತಿಯೇ ಆಗಬೇಕಿತ್ತು. ರೋಮಿನ ಹೊರಗಿದ್ದ ಆರ್ವಲ್ ಅರ್ಚಕರ ದೇವರ ಬನದಲ್ಲಿ ಶಾಸನ ಕೆತ್ತಲು ಕಬ್ಬಿಣ ತಂದರೆ ಪ್ರಾಯಶ್ಚಿತ್ತದ ಬಲಿ ಕೊಡುತ್ತಿದ್ದರು. ಸೊಲೊಮೋನನ ದೇವಾಲಯ ಕಟ್ಟುವಾಗ ಸ್ಥಳದಲ್ಲಿ ಕಬ್ಬಿಣದ ಉಪಕರಣದ ಸದ್ದು ಕೇಳಿಸಲಿಲ್ಲ ಎನ್ನುತ್ತದೆ ಬೈಬಲ್. 1890ರಲ್ಲಿ ‘ದಿ ಗೋಲ್ಡನ್ ಬೌ’ ಪ್ರಕಟಿಸಿದ ಜೇಮ್ಸ್ ಫ್ರೇಜರ್ ಇದಕ್ಕೊಂದು ವಿವರಣೆ ಕೊಟ್ಟರು: ಕಬ್ಬಿಣ ಹೊಸದಾಗಿದ್ದ ಕಾಲದಲ್ಲಿ ಹುಟ್ಟಿದ ಅನುಮಾನವಿದು; ಧರ್ಮಾಚರಣೆ ಹಳತನ್ನು ಬಿಡಲೊಲ್ಲದು. ಮಿಕ್ಸಿ ಬಂದ ಮೇಲೂ ಪೂಜೆಯ ಗಂಧವನ್ನು ಸಾಣೆಕಲ್ಲಿನ ಮೇಲೆ ತೇಯುವ ಮನೆಗಳಿರುವ ನಮಗೆ ಈ ಮಾತು ಸುಲಭವಾಗಿ ಅರ್ಥವಾಗುತ್ತದೆ.

ಕವಚ ಮಾಡಿದವರೇ ಅವರು!

ಇಲ್ಲಿಯವರೆಗೆ ಎಲ್ಲ ಸರಿಹೋಯಿತು. ಆದರೆ ಮೂಲಿಕೆಗೆ ಕಬ್ಬಿಣ ತಾಗಬಾರದು ಎಂಬುದಕ್ಕೂ ಮನುಷ್ಯ ಕಬ್ಬಿಣ ತೊಡಬಾರದು ಎಂಬುದಕ್ಕೂ ದೂರವಿದೆ. ಡ್ರೂಯಿಡರಿಗೆ ಕವಚ ನಿಷಿದ್ಧವಾಗಿತ್ತೆಂದು ಸೀಸರನೂ ಹೇಳಿಲ್ಲ, ಪ್ಲಿನಿಯೂ ಹೇಳಿಲ್ಲ. ಯುದ್ಧಕ್ಕೇ ಹೋಗಬೇಕಿಲ್ಲದವರಿಗೆ ಕವಚವೇಕೆ? ಇಷ್ಟಾಗಿಯೂ ಮುಖ್ಯ ಡ್ರೂಯಿಡ್ ಸತ್ತಾಗ ಆ ಪದವಿಗಾಗಿ ಅವರು ಒಮ್ಮೊಮ್ಮೆ ಆಯುಧ ಹಿಡಿದೇ ಸೆಣಸುತ್ತಿದ್ದರು ಎಂದು ಸೀಸರ್ ದಾಖಲಿಸಿದ್ದಾನೆ.

ಇನ್ನೂ ಸೋಜಿಗದ ಸಂಗತಿಯಿದೆ. ಕಬ್ಬಿಣದ ಪುಟ್ಟ ಬಳೆಗಳನ್ನು ಒಂದಕ್ಕೊಂದು ಹೆಣೆದು ಅಂಗಿಯಂತೆ ಮಾಡುವ ಜಾಲಕವಚವನ್ನು ಆಟದ ಡ್ರೂಯಿಡ್ ಮುಟ್ಟುವಂತಿಲ್ಲ. ಅಂಥ ಕವಚ ಗಾಲರಿಂದ, ಅಂದರೆ ಫ್ರಾನ್ಸಿನ ಕೆಲ್ಟರಿಂದಲೇ, ಬಂತೆಂದು ರೋಮನ್ ಪಂಡಿತ ವಾರೊ ಬರೆದಿದ್ದಾನೆ. 1961ರಲ್ಲಿ ರುಮೇನಿಯಾದ ಚುಮೆಷ್ಟಿ ಎಂಬಲ್ಲಿ ಸಿಕ್ಕ ಕೆಲ್ಟ್ ನಾಯಕನ ಸಮಾಧಿಯಲ್ಲಿ ಹಕ್ಕಿಯ ಶಿಖೆಯುಳ್ಳ ಶಿರಸ್ತ್ರಾಣದ ಜೊತೆ ಜಾಲಕವಚವೂ ಇತ್ತು. ಅಂದಮೇಲೆ ಕಬ್ಬಿಣದ ಕವಚವನ್ನು ನಿರಾಕರಿಸುವ ಈ ಪಾತ್ರವನ್ನು ಕಬ್ಬಿಣದ ಕವಚಕ್ಕೆ ಹೆಸರಾದ ಜನಾಂಗದಿಂದಲೇ ಎತ್ತಿಕೊಂಡಂತಾಯಿತು.

ವೇಲ್ಸಿನ ಆಂಗ್ಲಸಿ ದ್ವೀಪ ಡ್ರೂಯಿಡರ ಕೊನೆಯ ನೆಲೆಗಳಲ್ಲೊಂದು. ರೋಮನ್ ಸೇನೆ ಅಲ್ಲಿಗೆ ನುಗ್ಗಿ ಅವರ ಪವಿತ್ರ ವನಗಳನ್ನು ಕಡಿದುಹಾಕಿದ್ದನ್ನು ಟ್ಯಾಸಿಟಸ್ ವರ್ಣಿಸಿದ್ದಾನೆ. ಅದೇ ದ್ವೀಪದಲ್ಲಿ ಎರಡನೆಯ ಮಹಾಯುದ್ಧದ ವೇಳೆ, 1942ರಲ್ಲಿ, ವಿಮಾನ ನಿಲ್ದಾಣದ ಕೆಲಸ ನಡೆಯುತ್ತಿದ್ದಾಗ ಹಳೆಯ ಕೆರೆಯೊಂದರ ಕೆಸರಿನಿಂದ 150ಕ್ಕೂ ಹೆಚ್ಚು ಕಬ್ಬಿಣ ಹಾಗೂ ಕಂಚಿನ ವಸ್ತುಗಳು ಹೊರಬಂದವು. ಖಡ್ಗ, ಭರ್ಜಿ, ರಥದ ಭಾಗಗಳು, ಸೆರೆಯಾಳುಗಳ ಕೊರಳಿಗೆ ಹಾಕುವ ಸರಪಳಿ ಅವುಗಳಲ್ಲಿದ್ದವು. ಇವು ದೇವರಿಗೆಂದು ನೀರಿಗೆ ಒಪ್ಪಿಸಿದ ಕಾಣಿಕೆಗಳೆಂಬುದು ಪುರಾತತ್ತ್ವಜ್ಞರ ಸಾಮಾನ್ಯ ಅಭಿಪ್ರಾಯ. ದೇವರಿಗೇ ಅರ್ಪಿಸಿದ ವಸ್ತುವನ್ನು ಆ ಜನ ಪ್ರಕೃತಿವಿರೋಧಿ ಎಂದು ಬಗೆದಿದ್ದರೆನ್ನುವುದು ಹೇಗೆ?

‘ಕಾಡಿನವರು ಎಂದರೆ ಲೋಹವಿಲ್ಲದವರು’ ಎಂಬುದು ಪೇಟೆಯಲ್ಲಿ ಕುಳಿತವರ ಕಲ್ಪನೆ. ನಮ್ಮ ದೇಶದಲ್ಲೇ ಮಧ್ಯಪ್ರದೇಶದ ಮೈಕಲ್ ಬೆಟ್ಟಗಳ ಅಗರಿಯಾ ಬುಡಕಟ್ಟಿನವರು ಕಾಡಿನ ನಡುವೆ ಕುಲುಮೆ ಹೂಡಿ ಅದಿರು ಕರಗಿಸುತ್ತಿದ್ದರು. ಅವರ ಪುರಾಣಕಥೆಗಳ ಕೇಂದ್ರದಲ್ಲೇ ಕಬ್ಬಿಣವಿದೆ. ವೆರಿಯರ್ ಎಲ್ವಿನ್ 1942ರಲ್ಲಿ ಅವರ ಬಗ್ಗೆ ಇಡೀ ಗ್ರಂಥವನ್ನೇ ಪ್ರಕಟಿಸಿದರು. ಅದಿರು ಮಣ್ಣಿನಿಂದ ಬಂದದ್ದು, ಇದ್ದಿಲು ಮರದಿಂದ ಬಂದದ್ದು. ಹಾಗೆ ನೋಡಿದರೆ ಒಂದು ಪ್ರಾಣಿಯನ್ನು ಕೊಂದು ಸುಲಿದ ತೊಗಲು ಕಬ್ಬಿಣಕ್ಕಿಂತ ಹೇಗೆ ಸೌಮ್ಯವಾಯಿತು?

ಶಿಕ್ಷೆಯಿಂದ ವ್ರತಕ್ಕೆ

ಆಟ ತಯಾರಿಸುವವರಿಗೂ ಈ ನಿಯಮ ನೆಮ್ಮದಿ ಕೊಟ್ಟಿಲ್ಲ. 2000ದ ಮೂರನೆಯ ಆವೃತ್ತಿ ಅದನ್ನು ದಂಡಸಂಹಿತೆಯಂತೆ ಬರೆಯಿತು: ಲೋಹದ ಕವಚ ತೊಟ್ಟರೆ, ತೊಟ್ಟಿರುವಷ್ಟು ಹೊತ್ತೂ, ಕಳಚಿದ ಮೇಲೆ 24 ಗಂಟೆಯವರೆಗೂ ಡ್ರೂಯಿಡ್‌ನ ಮಂತ್ರ ನಡೆಯದು. ದಂಡವಿದ್ದಲ್ಲಿ ಉಪಾಯವೂ ಇರಲೇಬೇಕಲ್ಲ! ಮರವನ್ನು ಉಕ್ಕಿನಷ್ಟು ಗಟ್ಟಿ ಮಾಡುವ ಮಂತ್ರ ಅದೇ ಪುಸ್ತಕದಲ್ಲಿತ್ತು. ಆ ಮರದ ಕವಚ ತೊಟ್ಟರೆ ದೋಷವಿಲ್ಲ. ಏಕಾದಶಿಯ ದಿನ ಅನ್ನ ಬಿಟ್ಟು ಎರಡು ತಟ್ಟೆ ಉಪ್ಪಿಟ್ಟು ತಿಂದ ಹಾಗೆ.

2014ರ ಆವೃತ್ತಿ ದಂಡವನ್ನು ಕೈಬಿಟ್ಟು, ಡ್ರೂಯಿಡರು ಲೋಹದ ಕವಚವನ್ನಾಗಲಿ ಗುರಾಣಿಯನ್ನಾಗಲಿ ತೊಡುವುದಿಲ್ಲ ಎಂದಷ್ಟೇ ಹೇಳಿ ಸುಮ್ಮನಾಯಿತು. ‘ತೊಡಲಾರರು’ ಎಂದಲ್ಲ, ‘ತೊಡುವುದಿಲ್ಲ’ ಎಂದು. ತೊಟ್ಟರೆ ಏನಾಗುತ್ತದೆ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ನಿಯಮಗಳ ಹೊಣೆ ಹೊತ್ತಿದ್ದ ಜೆರೆಮಿ ಕ್ರಾಫರ್ಡ್ ಕೊಟ್ಟ ಉತ್ತರ ಸ್ವಾರಸ್ಯವಾಗಿದೆ. ಡ್ರೂಯಿಡ್ ಸಸ್ಯಾಹಾರಿಯಂತೆ ಎಂದರು ಅವರು. ಸಸ್ಯಾಹಾರಿಗೆ ಮಾಂಸ ತಿನ್ನುವ ಶಕ್ತಿ ಇಲ್ಲವೆಂದಲ್ಲ, ತಿನ್ನಬಾರದೆಂದು ಅವನು ನಿರ್ಧರಿಸಿರುತ್ತಾನೆ.

ಕನ್ನಡ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಇದಕ್ಕೆ ‘ವ್ರತ’ ಎಂಬ ಮಾತೇ ಇದೆ. ಆದರೆ ತೊಡಕೂ ಅಲ್ಲಿಯೇ ಇದೆ. ನನ್ನ ವ್ರತವನ್ನು ನಾನು ತೊಡಬೇಕು. ಇನ್ನೊಬ್ಬರು ನನ್ನ ಪರವಾಗಿ ತೊಟ್ಟರೆ ಅದು ಕಟ್ಟಳೆಯಾಗುತ್ತದೆ. ‘ನನ್ನ ಪಾತ್ರ ಏನನ್ನು ನಂಬುತ್ತದೆ ಎಂದು ಪುಸ್ತಕ ಹೇಗೆ ಹೇಳುತ್ತದೆ?’ ಎಂದು ಕೇಳುವ ಆಟಗಾರನ ಪ್ರಶ್ನೆಯಲ್ಲಿ ನ್ಯಾಯವಿದೆ.

ಕೊನೆಗೆ 2024ರ ಪರಿಷ್ಕೃತ ಪುಸ್ತಕದಲ್ಲಿ ಲೋಹದ ಮಾತನ್ನೇ ತೆಗೆದುಹಾಕಲಾಯಿತು. ಈಗ ಡ್ರೂಯಿಡ್‌ಗೆ ಹಗುರ ಕವಚ ಮತ್ತು ಗುರಾಣಿಯ ತರಬೇತಿ ಇರುತ್ತದೆ. ರಕ್ಷಕನ ಮಾರ್ಗ ಆಯ್ದುಕೊಂಡರೆ ಮಧ್ಯಮ ತೂಕದ ಕವಚವೂ ಆದೀತು. ಅದು ತೊಗಲಿನದೋ ಉಕ್ಕಿನದೋ ಎಂದು ಪುಸ್ತಕ ಕೇಳುವುದಿಲ್ಲ.

ಹಾಗಾದರೆ ಸುಮಾರು ಅರ್ಧ ಶತಮಾನ ಬಾಳಿದ ನಿಯಮ ಸತ್ತುಹೋಯಿತೇ? ಪುಸ್ತಕದಿಂದ ಹೋಯಿತು, ನಿಜ. ಆದರೆ ಆರಂಭದಲ್ಲಿ ಕಂಡ ಆ ಮೇಜಿಗೆ ಮತ್ತೊಮ್ಮೆ ಹೋಗೋಣ. ಅದೇ ಕವಚ ಬಿದ್ದಿದೆ, ಅದೇ ಗಾಯವಿದೆ. ಈಗ ತಡೆಯುವ ಕಟ್ಟಳೆಯಿಲ್ಲ, ಕಿತ್ತುಕೊಳ್ಳುವ ಶಿಕ್ಷೆಯಿಲ್ಲ. ಜೊತೆಗಾರರು ‘ತೊಟ್ಟುಕೋ’ ಎನ್ನುತ್ತಾರೆ. ಆಟಗಾರ್ತಿ ಒಂದು ಕ್ಷಣ ಯೋಚಿಸಿ ‘ಬೇಡ’ ಎಂದರೆ, ಆ ಹದಿನೈದು ಏಟುಗಳ ಬೆಲೆಯನ್ನು ಅವಳು ಮೊದಲ ಸಲ ತಾನಾಗಿ ತೆತ್ತಂತಾಗುತ್ತದೆ. ಹಿಂದೆ ಅದೇ ‘ಬೇಡ’ ಪುಸ್ತಕದ ಮಾತಾಗಿತ್ತು, ಈಗ ಅವಳದು.