ಭಾನುವಾರದ ಮಾತ್ರೆ

ಚೀಟಿಯಲ್ಲಿ ಮೆಥೊಟ್ರೆಕ್ಸೇಟ್ ಇದ್ದರೆ ನಾನು ಸ್ಟ್ರಿಪ್ಪನ್ನು ಕೂಡಲೇ ಕವರಿಗೆ ಹಾಕುವುದಿಲ್ಲ. ‘ಯಾವ ವಾರ ತಗೋತೀರಿ?’ ಎಂದು ಕೇಳುತ್ತೇನೆ. ಭಾನುವಾರ ಎಂಬ ಉತ್ತರ ಬಂದರೆ ಸ್ಟ್ರಿಪ್ಪಿನ ಬೆನ್ನಿಗೆ ಮಾರ್ಕರ್‌ನಲ್ಲಿ ದಪ್ಪಗೆ ‘ಭಾನುವಾರ ಮಾತ್ರ’ ಎಂದು ಬರೆದು ಕೊಡುತ್ತೇನೆ. ತಿಪಟೂರಿನಲ್ಲಿ ಮೆಡಿಕಲ್ ಸ್ಟೋರ್ ನಡೆಸುವ ನನಗೆ ಈ ಒಂದು ಮಾತ್ರೆಯ ವಿಷಯದಲ್ಲಿ ಭಯ ಜಾಸ್ತಿ. ವಾರಕ್ಕೊಂದು ಸಲ ನುಂಗಬೇಕಾದದ್ದನ್ನು ದಿನಾ ನುಂಗಿದರೆ ಬಾಯಿತುಂಬ ಹುಣ್ಣಾಗುತ್ತದೆ, ಮೂಳೆಮಜ್ಜೆಯಲ್ಲಿ ರಕ್ತಕಣ ಹುಟ್ಟುವುದು ಕುಗ್ಗುತ್ತದೆ, ಜೀವವೇ ಹೋಗಬಹುದು. ಬಿಪಿ, ಶುಗರ್ ಮಾತ್ರೆಗಳನ್ನು ದಿನಾ ನುಂಗಿ ರೂಢಿಯಾದವರಿಗೆ ಈ ತಪ್ಪು ಬಲು ಸುಲಭ.

ನನ್ನ ಹತ್ತಿರ ಇದನ್ನು ಕೊಳ್ಳುವವರಲ್ಲಿ ಹೆಚ್ಚಿನವರಿಗೆ ಇರುವುದು ರುಮಟಾಯ್ಡ್ ಸಂಧಿವಾತ. ಇದು ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು ಬರುತ್ತದೆ. ಕೊಬ್ಬರಿ ಕೆಲಸಕ್ಕೆ ಹೋಗುವ ಒಬ್ಬ ಅಕ್ಕ ಬಹಳ ಕಾಲ ಬರೀ ನೋವಿನ ಮಾತ್ರೆ ಕೇಳುತ್ತಿದ್ದರು. ‘ಬೆಳಿಗ್ಗೆ ಎದ್ದರೆ ಕೈ ಮಡಚೋಕೇ ಆಗಲ್ಲ ಕಣಮ್ಮ, ಬಿಸಿಲೇರಿದ ಮೇಲೆ ಸಡಿಲ ಆಗುತ್ತೆ’ ಅಂದರು ಒಂದು ದಿನ. ಕೈ ತೋರಿಸಿ ಎಂದೆ. ಎರಡೂ ಕೈಯಲ್ಲಿ ಅವವೇ ಗೆಣ್ಣುಗಳು ಊದಿದ್ದವು. ವಯಸ್ಸಾಗಿ ಸವೆದ ಕೀಲು ಸಾಮಾನ್ಯವಾಗಿ ದುಡಿದಷ್ಟೂ ನೋಯುತ್ತದೆ, ಕೂತರೆ ಹಗುರಾಗುತ್ತದೆ. ಇಲ್ಲಿ ಅದು ತಿರುಗುಮುರುಗು: ರಾತ್ರಿಯೆಲ್ಲ ಮಲಗೆದ್ದ ಮೇಲೆ ಗಂಟೆಗಟ್ಟಲೆ ಬಿಗಿತ. ತುಮಕೂರಿಗೆ ಹೋಗಿ ಕೀಲುವಾತದ ಡಾಕ್ಟರಿಗೇ ತೋರಿಸಿ ಎಂದು ಕಳಿಸಿದೆ.

ಈ ರೋಗದಲ್ಲಿ ದೇಹ ತನ್ನ ಕೀಲುಗಳ ಮೇಲೆ ತಾನೇ ಬೀಳುತ್ತದೆ. ದೇಹ ಹಾಗೆ ತನ್ನ ಮೇಲೆ ತಾನೇ ಬೀಳುವುದಿಲ್ಲ ಎಂದು 1900ರ ಸುಮಾರಿಗೆ ಜರ್ಮನಿಯ ಪಾಲ್ ಏರ್ಲಿಕ್‌ನಂಥ ದೊಡ್ಡ ವಿಜ್ಞಾನಿಯೇ ನಂಬಿದ್ದ. ನಂಬುವುದಕ್ಕೆ ಕಾರಣವೂ ಇತ್ತು, ದೇಹದಲ್ಲಿ ಅದಕ್ಕೆ ಕಾವಲು ಉಂಟು. ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ, ರೋಗದ ವಿರುದ್ಧ ಹೋರಾಡುವ ಟಿ ಕಣಗಳು ಬಲಿಯುವಾಗ, ಸ್ವಂತ ದೇಹದ ಅಂಶಗಳ ಮೇಲೆ ಏರಿ ಹೋಗುವಂಥವು ಅಲ್ಲೇ ಸಾಯುತ್ತವೆ. ಆದರೂ ಕೆಲವು ನುಸುಳಿಕೊಳ್ಳುತ್ತವೆ. ಅವನ್ನು ಹೊರಗೆ ಹದ್ದುಬಸ್ತಿನಲ್ಲಿಡುವ ಬೇರೆ ಟಿ ಕಣಗಳಿವೆ ಎಂದು ಜಪಾನಿನ ಶಿಮೋನ್ ಸಕಾಗುಚಿ 1995ರಲ್ಲಿ ತೋರಿಸಿದರು. ಅವುಗಳ ಹಿಂದಿನ ಜೀನ್ ಹಿಡಿದ ಅಮೆರಿಕದ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಜೊತೆ ಸಕಾಗುಚಿ ಅವರಿಗೆ 2025ರ ನೊಬೆಲ್ ಬಂತು.

ಈ ಹದ್ದುಬಸ್ತು ಯಾಕೆ ತಪ್ಪುತ್ತದೆ ಎಂಬುದಕ್ಕೆ ಒಂದೇ ಕಾರಣವಿಲ್ಲ. ವಂಶದಿಂದ ಬಂದ ಕೆಲವು ಜೀನುಗಳಿರುತ್ತವೆ. ಅದರ ಮೇಲೆ ಬೀಡಿ ಸಿಗರೇಟಿನ ಹೊಗೆ ಬಿದ್ದರೆ ಶ್ವಾಸಕೋಶದ ಪ್ರೋಟೀನ್ ರೂಪ ಬದಲಾಗಿ, ದೇಹ ಅದನ್ನು ಪರಕೀಯವೆಂದು ಬಗೆದು ಪ್ರತಿಕಾಯ ತಯಾರಿಸಬಹುದು. ಇಂಥ ಪ್ರತಿಕಾಯಗಳು ಮೊದಲ ನೋವಿಗಿಂತ ವರ್ಷಗಳ ಮುಂಚೆಯೇ ರಕ್ತದಲ್ಲಿರುತ್ತವೆ. ಡಾಕ್ಟರು ‘ಆಂಟಿ ಸಿಸಿಪಿ’ ಪರೀಕ್ಷೆ ಬರೆಯುವುದು ಇವನ್ನು ಹುಡುಕಲು. ಆಮೇಲೆ ಕೀಲಿನ ಒಳಪೊರೆ ಊದುತ್ತದೆ, ಮೃದ್ವಸ್ಥಿ ಕರಗುತ್ತದೆ, ಮೂಳೆ ಸವೆಯುತ್ತದೆ. ಸುಸ್ತು, ರಕ್ತಹೀನತೆ ಜೊತೆಗೇ ಬರುತ್ತವೆ. ಕೆಲವರಲ್ಲಿ ಕಣ್ಣು, ಶ್ವಾಸಕೋಶಕ್ಕೂ ತಗಲುತ್ತದೆ. ಇದೇ ದಾಳಿ ಮೇದೋಜೀರಕದ ಇನ್ಸುಲಿನ್ ಕಣಗಳ ಮೇಲಾದರೆ ಟೈಪ್ 1 ಮಧುಮೇಹ, ಚರ್ಮದ ಬಣ್ಣದ ಕಣಗಳ ಮೇಲಾದರೆ ತೊನ್ನು. ಥೈರಾಯ್ಡ್ ಮಾತ್ರೆ ಒಯ್ಯುವ ಹೆಂಗಸರಲ್ಲಿ ಅನೇಕರದ್ದೂ ಇದೇ ಬಗೆ.

ನೋವಿನ ಮಾತ್ರೆ ನೋವನ್ನಷ್ಟೇ ಅಡಗಿಸುತ್ತದೆ, ಒಳಗೆ ಮೂಳೆ ಸವೆಯುವುದು ನಿಲ್ಲುವುದಿಲ್ಲ. ಅದಕ್ಕಿಂತ ಕೆಟ್ಟದ್ದು ‘ವಾತದ ಪುಡಿ’. ತಿಂದ ಎರಡನೇ ದಿನಕ್ಕೇ ಎದ್ದು ಓಡಾಡುವಂತಾದರೆ ಅದರಲ್ಲಿ ಸ್ಟಿರಾಯ್ಡ್ ಬೆರೆಸಿದ್ದಾರೆಂದು ನಾನು ಅನುಮಾನಿಸುತ್ತೇನೆ. ಸ್ಟಿರಾಯ್ಡ್‌ನ ಈ ಚಮತ್ಕಾರವನ್ನು 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಫಿಲಿಪ್ ಹೆಂಚ್ ಕಂಡರು, 1950ರಲ್ಲಿ ನೊಬೆಲ್ ಹಂಚಿಕೊಂಡರು. ಮುಖ ಊದುವುದು, ಸಕ್ಕರೆ ಏರುವುದು, ಮೂಳೆ ಟೊಳ್ಳಾಗುವುದು ಬೆನ್ನಿಗೇ ಗೊತ್ತಾಯಿತು. ಡಾಕ್ಟರು ಇವತ್ತಿಗೂ ಬರೆಯುತ್ತಾರೆ, ಆದರೆ ಆದಷ್ಟು ಕಡಿಮೆ, ಆದಷ್ಟು ಸ್ವಲ್ಪ ಕಾಲ. ಬಹಳ ದಿನ ತಿಂದವರು ಒಮ್ಮೆಲೇ ಬಿಡುವುದೂ ಅಪಾಯ.

ರೋಗವನ್ನೇ ತಡೆಯುವ ಮೆಥೊಟ್ರೆಕ್ಸೇಟ್ ಇಷ್ಟು ಚುರುಕಲ್ಲ. ಗುಣ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ‘ಇದು ಕ್ಯಾನ್ಸರ್ ಮಾತ್ರೆಯಂತೆ, ಮಗ ಮೊಬೈಲಲ್ಲಿ ನೋಡಿದ’ ಎಂದು ಸ್ಟ್ರಿಪ್ ವಾಪಸ್ ತಂದವರಿದ್ದಾರೆ. ಮಗ ನೋಡಿದ್ದು ಸುಳ್ಳಲ್ಲ. ಭೀಮವರಂನಲ್ಲಿ ಹುಟ್ಟಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯ ಸೇರಿದ ಯೆಲ್ಲಾಪ್ರಗಡ ಸುಬ್ಬರಾವ್ ಅವರ ತಂಡದ ಕೈಯಲ್ಲಿ ಮೂಡಿದ ಔಷಧವದು, ಮೊದಲು ಬಳಕೆಗೆ ಬಂದದ್ದು ಕ್ಯಾನ್ಸರಿಗೇ. ಆದರೆ ಸಂಧಿವಾತಕ್ಕೆ ಕೊಡುವುದು ವಾರಕ್ಕೆ 7.5ರಿಂದ 25 ಮಿಲಿಗ್ರಾಂ. ಕ್ಯಾನ್ಸರಿನ ಪ್ರಮಾಣವೇ ಬೇರೆ. ಉಳಿದ ದಿನಗಳಲ್ಲಿ ಫೋಲಿಕ್ ಆಸಿಡ್ ಇರುತ್ತದೆ, ಆಗಾಗ ರಕ್ತ ಮತ್ತು ಲಿವರ್ ಪರೀಕ್ಷೆ. ಕುಡಿತ ಬೇಡ.

ಇದರ ಜೋಡಿ ಮಾತ್ರೆ ಹೈಡ್ರಾಕ್ಸಿಕ್ಲೋರೋಕ್ವಿನ್. 2020ರ ಮಾರ್ಚಿನಲ್ಲಿ ಇದು ಕೊರೊನಾಕ್ಕೆ ರಾಮಬಾಣವೆಂಬ ಸುದ್ದಿ ಹಬ್ಬಿ, ಒಂದು ನೆಗಡಿಯೂ ಇಲ್ಲದವರು ಡಬ್ಬಗಟ್ಟಲೆ ಕೇಳಿದರು. ಅದನ್ನೇ ನಂಬಿಕೊಂಡ, ಇಂಥದೇ ರೋಗವಾದ ಲೂಪಸ್ ಇದ್ದವರು ಊರೂರು ಅಲೆಯಬೇಕಾಯಿತು. ಸರ್ಕಾರ ಅದನ್ನು ಔಷಧ ಮಾರಾಟದ ಎಚ್1 ಪಟ್ಟಿಯ ನಿಯಮಕ್ಕೆ ಒಳಪಡಿಸಿ, ಕೊಂಡವರ ಹೆಸರು ರಿಜಿಸ್ಟರಿನಲ್ಲಿ ಬರೆಯುವುದನ್ನು ಕಡ್ಡಾಯ ಮಾಡಿತು. ಕೊರೊನಾಕ್ಕೆ ಅದು ಕೆಲಸ ಮಾಡಲಿಲ್ಲ ಎಂಬುದು ಆಮೇಲಿನ ಮಾತು.

ಮಾತ್ರೆಗೆ ಬಗ್ಗದವರಿಗೆ ಬಯಾಲಜಿಕ್ ಇಂಜೆಕ್ಷನ್‌ಗಳಿವೆ. ಉರಿಯೂತ ಎಬ್ಬಿಸುವ ಟಿಎನ್ಎಫ್ ಎಂಬ ಒಂದೇ ಪ್ರೋಟೀನನ್ನು ಹಿಡಿದು ಕಟ್ಟಿಹಾಕುವ ದಾರಿಯನ್ನು ಲಂಡನ್ನಿನ ಮಾರ್ಕ್ ಫೆಲ್ಡ್‌ಮನ್, ಪಂಜಾಬ್ ಮೂಲದ ರವೀಂದರ್ ಮೈನಿ ತೆರೆದರು. ಬೆಲೆ ಭಾರಿ, ಅವನ್ನೇ ಹೋಲುವ, ಭಾರತದಲ್ಲೇ ತಯಾರಾಗುವ ಬಯೋಸಿಮಿಲರ್‌ಗಳು ಬಂದ ಮೇಲೆ ಸ್ವಲ್ಪ ಇಳಿದಿದೆ. ಒಳಗೆ ಮಲಗಿರುವ ಟಿಬಿ ಎದ್ದೇಳಬಹುದಾದ್ದರಿಂದ ಮೊದಲು ಅದರ ಪರೀಕ್ಷೆ ಆಗಲೇಬೇಕು.

ನನಗೆ ಇಂಜೆಕ್ಷನ್ನಿನ ಬೆಲೆಗಿಂತ ಕಷ್ಟದ ವಿಷಯ ಮದುವೆ. ಮಗಳ ಚೀಟಿಯನ್ನು ನನ್ನ ಅಂಗಡಿಯಲ್ಲೇ ಬಿಟ್ಟು ಹೋಗುತ್ತಿದ್ದ ತಾಯಿಯೊಬ್ಬರಿದ್ದರು, ಗಂಡಿನ ಕಡೆಯವರು ಮನೆಗೆ ಬಂದಾಗ ಕಣ್ಣಿಗೆ ಬೀಳಬಾರದು ಎಂದು. ಮುಚ್ಚಿಟ್ಟ ಹುಡುಗಿ ಗಂಡನ ಮನೆಯಲ್ಲಿ ಮಾತ್ರೆ ಬಿಟ್ಟರೆ ಕೀಲು ಹಾಳು. ಕದ್ದು ನುಂಗುತ್ತಲೇ ಬಸಿರಾದರೆ ಮೆಥೊಟ್ರೆಕ್ಸೇಟ್ ಮಗುವಿನ ಅಂಗರಚನೆಯನ್ನೇ ಕೆಡಿಸಬಹುದು. ಮಗು ಬೇಕೆಂದರೆ ಅದನ್ನು ತಿಂಗಳುಗಳ ಮುಂಚೆಯೇ ಡಾಕ್ಟರು ನಿಲ್ಲಿಸಬೇಕು, ಬಸುರಿಗೆ ಒಗ್ಗುವ ಬೇರೆ ಮಾತ್ರೆಗಳಿವೆ. ಆ ತಾಯಿಗೆ ಇದನ್ನು ಬಿಡಿಸಿ ಹೇಳಿದೆ. ಸಿಟ್ಟಾಗಿ ಹೋದವರು ಕೊನೆಗೆ ಹುಡುಗನ ಮನೆಯಲ್ಲಿ ಬಾಯಿಬಿಟ್ಟರು, ಮದುವೆಯೂ ನಡೆಯಿತು. ಈಗ ಹೊಸ ಚೀಟಿಯಲ್ಲಿ ಸಲ್ಫಾಸಲಜೀನ್, ಹೈಡ್ರಾಕ್ಸಿಕ್ಲೋರೋಕ್ವಿನ್ ಇವೆ. ಅಳಿಯನೇ ಬಂದು ಒಯ್ಯುತ್ತಾನೆ. ಪ್ರತಿ ಸಲ ಬಿಲ್ ಕೇಳುತ್ತಾನೆ, ಆಫೀಸಿನ ವಿಮೆಗೆ ಹಾಕಬೇಕಂತೆ.