ಸಮಗ್ರ ಅಭಿವೃದ್ಧಿ ಪರಿಸರ

ಸಮಗ್ರ ಅಭಿವೃದ್ಧಿ ಪರಿಸರ ಅಥವಾ ಐಡಿಇ ಎಂಬುದು ತಂತ್ರಾಂಶವನ್ನು ರಚಿಸಲು ಬೇಕಾದ ಸಾಧನಗಳನ್ನು ಒಂದೇ ಕಡೆ ಒದಗಿಸುವ ಆನ್ವಯಿಕ ತಂತ್ರಾಂಶ. ಕೋಡ್ ಬರೆಯುವ ಸಂಪಾದಕ, ಅದನ್ನು ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ಪರಿವರ್ತಿಸುವ ಕಂಪೈಲರ್‌ನೊಂದಿಗಿನ ಸಂಪರ್ಕ, ದೋಷಗಳನ್ನು ಹುಡುಕುವ ಡಿಬಗ್ಗರ್ ಮತ್ತು ಕಡತಗಳನ್ನು ನಿರ್ವಹಿಸುವ ವ್ಯವಸ್ಥೆ ಇದರ ಮುಖ್ಯ ಭಾಗಗಳು. ವಿಷುಯಲ್ ಸ್ಟುಡಿಯೊ, ಎಕ್ಲಿಪ್ಸ್, ಇಂಟೆಲಿಜೆ ಐಡಿಯಾ, ಆಂಡ್ರಾಯ್ಡ್ ಸ್ಟುಡಿಯೊ ಮೊದಲಾದವು ಹೆಚ್ಚು ಬಳಕೆಯಲ್ಲಿರುವ ಐಡಿಇಗಳು. ವಿಷುಯಲ್ ಸ್ಟುಡಿಯೊ ಕೋಡ್ ಮೂಲತಃ ಸಂಪಾದಕವಾದರೂ ವಿಸ್ತರಣೆಗಳನ್ನು ಸೇರಿಸಿಕೊಂಡಾಗ ಐಡಿಇಯಂತೆಯೇ ಕೆಲಸ ಮಾಡುತ್ತದೆ.

ಐಡಿಇಯು ಕೋಡ್ ಬರೆಯುವ ವೇಗವನ್ನು ಹೆಚ್ಚಿಸುತ್ತದೆ ಎಂಬುದು ಸಾಮಾನ್ಯ ಅಭಿಪ್ರಾಯ. ಆದರೆ ಉದ್ಯೋಗನಿರತ ಅಭಿವರ್ಧಕರ ಕೆಲಸವನ್ನು ಗಮನಿಸಿದ ಅಧ್ಯಯನಗಳ ಪ್ರಕಾರ ಅವರ ಸಮಯದ ಹೆಚ್ಚಿನ ಪಾಲು ವ್ಯಯವಾಗುವುದು ಈಗಾಗಲೇ ಇರುವ ಕೋಡನ್ನು ಅರ್ಥಮಾಡಿಕೊಳ್ಳುವುದರಲ್ಲಿ. ಆದ್ದರಿಂದ ಐಡಿಇಯ ಉಪಯುಕ್ತತೆಯನ್ನು ಓದುವ, ಹುಡುಕುವ ಮತ್ತು ಪರಿಶೀಲಿಸುವ ಕೆಲಸಗಳಿಗೆ ಅದು ನೀಡುವ ನೆರವಿನಿಂದಲೂ ಅಳೆಯಬೇಕಾಗುತ್ತದೆ.

ಘಟಕಗಳು

ಸಂಪಾದಕವು ಕೋಡಿನ ವಿವಿಧ ಅಂಶಗಳನ್ನು ಬೇರೆ ಬೇರೆ ಬಣ್ಣಗಳಲ್ಲಿ ತೋರಿಸುತ್ತದೆ, ಹೆಸರಿನ ಮೊದಲ ಕೆಲವು ಅಕ್ಷರಗಳನ್ನು ಬರೆದೊಡನೆ ಉಳಿದ ಭಾಗವನ್ನು ಸೂಚಿಸುತ್ತದೆ ಮತ್ತು ವ್ಯಾಕರಣ ದೋಷಗಳಿದ್ದಲ್ಲಿ ಅಡಿಗೆರೆ ಎಳೆಯುತ್ತದೆ. ಒಂದು ಹೆಸರನ್ನು ಎಲ್ಲಿ ವ್ಯಾಖ್ಯಾನಿಸಲಾಗಿದೆ ಮತ್ತು ಎಲ್ಲೆಲ್ಲಿ ಬಳಸಲಾಗಿದೆ ಎಂಬುದನ್ನು ಹುಡುಕಿಕೊಡುವುದು ಸಂಚಾರ ಸೌಲಭ್ಯದ ಕೆಲಸ. ನಡವಳಿಕೆ ಬದಲಾಗದಂತೆ ಕೋಡಿನ ರಚನೆಯನ್ನು ಸುಧಾರಿಸುವುದಕ್ಕೆ ರಿಫ್ಯಾಕ್ಟರಿಂಗ್ ಎನ್ನುತ್ತಾರೆ. ಒಂದು ಹೆಸರನ್ನು ನೂರಾರು ಕಡತಗಳಲ್ಲಿ ಏಕಕಾಲಕ್ಕೆ ಬದಲಿಸುವುದು ಇದರ ಸರಳ ಉದಾಹರಣೆ.

ಡಿಬಗ್ಗರ್ ಐಡಿಇಯ ಪ್ರಮುಖ ಘಟಕಗಳಲ್ಲಿ ಒಂದು. ಉದಾಹರಣೆಗೆ, ಬೀದರ್, ಭಾಲ್ಕಿ ಮತ್ತು ಔರಾದ್ ತಾಲ್ಲೂಕುಗಳ ಮಳೆಯ ಸರಾಸರಿಯನ್ನು ಲೆಕ್ಕಹಾಕುವ ಪ್ರೋಗ್ರಾಂ ಒಂದು ತಾಲ್ಲೂಕಿಗೆ ಮಾತ್ರ ತಪ್ಪು ಉತ್ತರ ನೀಡುತ್ತಿದೆ ಎಂದುಕೊಳ್ಳಬಹುದು. ಅಭಿವರ್ಧಕರು ಲೆಕ್ಕ ನಡೆಯುವ ಸಾಲಿನಲ್ಲಿ ತಡೆಬಿಂದುವನ್ನು ಇರಿಸಿದರೆ ಪ್ರೋಗ್ರಾಂ ಅಲ್ಲಿಗೆ ಬಂದಾಗ ನಿಲ್ಲುತ್ತದೆ. ಆ ಕ್ಷಣದಲ್ಲಿ ಪ್ರತಿಯೊಂದು ಚರಾಂಕದ ಮೌಲ್ಯ ಏನಿದೆ, ಎಷ್ಟು ದಾಖಲೆಗಳು ಲೆಕ್ಕಕ್ಕೆ ಬಂದಿವೆ ಎಂಬುದನ್ನು ನೋಡಿ, ಅಲ್ಲಿಂದ ಮುಂದೆ ಒಂದೊಂದೇ ಸಾಲನ್ನು ನಡೆಸಬಹುದು. ಊಹೆಯ ಬದಲು ಪ್ರತ್ಯಕ್ಷ ಪರಿಶೀಲನೆಯಿಂದ ದೋಷವನ್ನು ತಲುಪುವುದು ಇದರಿಂದ ಸಾಧ್ಯವಾಗುತ್ತದೆ.

ಇತಿಹಾಸ

ಕಂಪ್ಯೂಟರ್‌ಗಳ ಆರಂಭದ ದಿನಗಳಲ್ಲಿ ಪ್ರೋಗ್ರಾಂಗಳನ್ನು ಕಾಗದದಲ್ಲಿ ಬರೆದು, ರಂಧ್ರಪತ್ರಗಳಿಗೆ ಇಳಿಸಿ, ಯಂತ್ರಕೇಂದ್ರಕ್ಕೆ ಒಪ್ಪಿಸಲಾಗುತ್ತಿತ್ತು. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಸ್ 1964ರಲ್ಲಿ ರೂಪಿಸಿದ ಬೇಸಿಕ್ ಭಾಷೆಯಲ್ಲಿ ಬರೆಯುವುದು, ತಿದ್ದುವುದು ಮತ್ತು ನಡೆಸುವುದು ಒಂದೇ ಟರ್ಮಿನಲ್‌ನಿಂದ ಸಾಧ್ಯವಾಯಿತು. ಜರ್ಮನಿಯ ಮ್ಯೂನಿಕ್‌ನ ಸಾಫ್ಟ್‌ಲ್ಯಾಬ್ ಸಂಸ್ಥೆ 1975ರಲ್ಲಿ ಹೊರತಂದ ಮಾಸ್ಟ್ರೊ-1 ವ್ಯವಸ್ಥೆಯನ್ನು ಹಲವೆಡೆ ಮೊದಲ ಐಡಿಇ ಎಂದು ಉಲ್ಲೇಖಿಸಲಾಗುತ್ತದೆ.

ವೈಯಕ್ತಿಕ ಕಂಪ್ಯೂಟರ್‌ಗಳಲ್ಲಿ ಐಡಿಇಯನ್ನು ಜನಪ್ರಿಯಗೊಳಿಸಿದ್ದು ಬೋರ್ಲ್ಯಾಂಡ್ ಸಂಸ್ಥೆಯು 1983ರಲ್ಲಿ ಬಿಡುಗಡೆ ಮಾಡಿದ ಟರ್ಬೊ ಪಾಸ್ಕಲ್. ಆಂಡರ್ಸ್ ಹೈಲ್ಸ್‌ಬರ್ಗ್ ರಚಿಸಿದ್ದ ಕಂಪೈಲರ್ ಮತ್ತು ಸಂಪಾದಕಗಳನ್ನು ಒಂದೇ ತಂತ್ರಾಂಶದಲ್ಲಿ ಸೇರಿಸಿ 49.95 ಡಾಲರ್ ಬೆಲೆಗೆ ಮಾರಲಾಯಿತು. 1987ರಲ್ಲಿ ಟರ್ಬೊ ಸಿ, 1990ರಲ್ಲಿ ಟರ್ಬೊ ಸಿ++ ಬಂದವು. ಪರದೆಯ ಮೇಲೆ ಗುಂಡಿ ಮತ್ತು ಪಠ್ಯಪೆಟ್ಟಿಗೆಗಳನ್ನು ಎಳೆದು ಇರಿಸಿ ತಂತ್ರಾಂಶ ರಚಿಸುವ ವಿಧಾನವನ್ನು ಮೈಕ್ರೋಸಾಫ್ಟ್‌ನ ವಿಷುಯಲ್ ಬೇಸಿಕ್ 1991ರಲ್ಲಿ ವ್ಯಾಪಕಗೊಳಿಸಿತು. 1997ರಲ್ಲಿ ಅದೇ ಸಂಸ್ಥೆಯ ವಿಷುಯಲ್ ಸ್ಟುಡಿಯೊ ಬಿಡುಗಡೆಯಾಯಿತು.

ಜಾವಾ ಭಾಷೆಯ ಪ್ರಸಾರದೊಂದಿಗೆ ಹೊಸ ತಲೆಮಾರಿನ ಐಡಿಇಗಳು ಬಂದವು. ಪ್ರಾಗ್ ನಗರದ ವಿದ್ಯಾರ್ಥಿಗಳ ಯೋಜನೆಯಾಗಿ 1996ರಲ್ಲಿ ಮೊದಲಾದ ನೆಟ್‌ಬೀನ್ಸ್, 2001ರ ಜನವರಿಯಲ್ಲಿ ಬಿಡುಗಡೆಯಾದ ಇಂಟೆಲಿಜೆ ಐಡಿಯಾ ಮತ್ತು ಅದೇ ವರ್ಷ ನವೆಂಬರ್‌ನಲ್ಲಿ ಐಬಿಎಂ ಸಂಸ್ಥೆಯು ಮುಕ್ತ ತಂತ್ರಾಂಶವಾಗಿ ನೀಡಿದ ಎಕ್ಲಿಪ್ಸ್ ಇವುಗಳಲ್ಲಿ ಮುಖ್ಯವಾದವು. ಗೂಗಲ್ 2013ರಲ್ಲಿ ಘೋಷಿಸಿದ ಆಂಡ್ರಾಯ್ಡ್ ಸ್ಟುಡಿಯೊ ಇಂಟೆಲಿಜೆ ಐಡಿಯಾವನ್ನೇ ಆಧರಿಸಿದೆ.

ವಿಷುಯಲ್ ಸ್ಟುಡಿಯೊ ಕೋಡ್ 2015ರಲ್ಲಿ ಪ್ರಕಟವಾಯಿತು. ಮರುವರ್ಷ ಲ್ಯಾಂಗ್ವೇಜ್ ಸರ್ವರ್ ಪ್ರೋಟೊಕಾಲ್ ಎಂಬ ಮುಕ್ತ ಮಾನಕವನ್ನು ಘೋಷಿಸಲಾಯಿತು. ಅದಕ್ಕೆ ಮೊದಲು ಪ್ರತಿ ಭಾಷೆಯ ಬೆಂಬಲವನ್ನು ಪ್ರತಿ ಸಂಪಾದಕಕ್ಕೂ ಪ್ರತ್ಯೇಕವಾಗಿ ಬರೆಯಬೇಕಾಗಿತ್ತು. ಹತ್ತು ಭಾಷೆ ಮತ್ತು ಹತ್ತು ಸಂಪಾದಕಗಳಿದ್ದರೆ ನೂರು ಜೋಡಣೆಗಳು ಬೇಕಾಗುತ್ತಿದ್ದವು. ಈ ಮಾನಕದ ನಂತರ ಭಾಷೆಗೊಂದು, ಸಂಪಾದಕಕ್ಕೊಂದು ಎಂಬಂತೆ ಇಪ್ಪತ್ತು ಸಾಕಾಗುತ್ತವೆ. ಹಗುರವಾದ ಸಂಪಾದಕಗಳಿಗೂ ಐಡಿಇಯ ಸೌಲಭ್ಯಗಳು ದೊರೆತದ್ದಕ್ಕೆ ಇದು ಮುಖ್ಯ ಕಾರಣ.

ಉದ್ಯೋಗದಲ್ಲಿನ ಅನುಭವ

ಅಭಿವರ್ಧಕರು ಐಡಿಇಯನ್ನು ಬಳಸುವ ಬಗೆಯನ್ನು ಹಲವು ಸಂಶೋಧನೆಗಳು ದಾಖಲಿಸಿವೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನವು 78 ವೃತ್ತಿನಿರತ ಅಭಿವರ್ಧಕರ 3,148 ಗಂಟೆಗಳ ಕೆಲಸವನ್ನು ವಿಶ್ಲೇಷಿಸಿ, ಅವರ ಸಮಯದ ಸುಮಾರು ಶೇ. 58ರಷ್ಟು ಪ್ರೋಗ್ರಾಂಗಳನ್ನು ಅರ್ಥಮಾಡಿಕೊಳ್ಳುವುದಕ್ಕೆ ವ್ಯಯವಾಗುತ್ತದೆ ಎಂದು ಕಂಡುಕೊಂಡಿತು. ಸಂಸ್ಥೆಯೊಂದಕ್ಕೆ ಹೊಸದಾಗಿ ಸೇರಿದವರು ಹಲವು ವರ್ಷಗಳ ಹಿಂದೆ ಬೇರೆಯವರು ಬರೆದ ಕೋಡಿನೊಂದಿಗೆ ಕೆಲಸ ಆರಂಭಿಸುವುದು ವಾಡಿಕೆ. ಅಂತಹವರಿಗೆ ಒಂದು ಹೆಸರಿನ ಮೂಲವನ್ನು ತೋರಿಸುವ ಸೌಲಭ್ಯ ಬಹಳ ಪ್ರಯೋಜನಕಾರಿ.

ಎಲ್ಲ ಸೌಲಭ್ಯಗಳೂ ಸಮಾನವಾಗಿ ಬಳಕೆಯಾಗುವುದಿಲ್ಲ. ರಿಫ್ಯಾಕ್ಟರಿಂಗ್ ಕುರಿತ 2009ರ ಅಧ್ಯಯನವೊಂದರ ಪ್ರಕಾರ, ಐಡಿಇಯಲ್ಲಿ ಸ್ವಯಂಚಾಲಿತ ಸಾಧನಗಳು ಲಭ್ಯವಿದ್ದರೂ ಸುಮಾರು ಶೇ. 90ರಷ್ಟು ಮಾರ್ಪಾಡುಗಳನ್ನು ಅಭಿವರ್ಧಕರು ಕೈಯಿಂದಲೇ ಮಾಡುತ್ತಿದ್ದರು. ಅನಿಸಿಕೆಗೂ ವಾಸ್ತವಕ್ಕೂ ಅಂತರವಿರುವುದೂ ಕಂಡುಬಂದಿದೆ. ನೆದರ್ಲ್ಯಾಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ಐಡಿಇಯೊಳಗಿನ ಚಟುವಟಿಕೆಯನ್ನು ದಾಖಲಿಸಿ ನೋಡಿದಾಗ, ತಮ್ಮ ಸಮಯದ ಅರ್ಧವನ್ನು ಪರೀಕ್ಷೆಗಳಿಗೆ ಮೀಸಲಿಡುತ್ತೇವೆ ಎಂದು ಭಾವಿಸಿದ್ದವರು ವಾಸ್ತವದಲ್ಲಿ ಕಾಲುಭಾಗವನ್ನು ಮಾತ್ರ ವಿನಿಯೋಗಿಸುತ್ತಿದ್ದುದು ತಿಳಿದುಬಂತು.

ಐಡಿಇಯ ಮಿತಿಗಳಲ್ಲಿ ಮೊದಲನೆಯದು ಅದರ ಭಾರ. ದೊಡ್ಡ ಯೋಜನೆಯೊಂದನ್ನು ತೆರೆದಾಗ ಐಡಿಇಯು ಎಲ್ಲ ಕಡತಗಳನ್ನೂ ಓದಿ ಸೂಚಿಯನ್ನು ಸಿದ್ಧಪಡಿಸುತ್ತದೆ. ಈ ಅವಧಿಯಲ್ಲಿ ಕಂಪ್ಯೂಟರ್ ನಿಧಾನವಾಗುವುದು ಸಾಮಾನ್ಯ ದೂರು. ಎರಡನೆಯದು ಮರೆಯಲ್ಲಿ ನಡೆಯುವ ಪ್ರಕ್ರಿಯೆ. ಒಂದು ಗುಂಡಿ ಒತ್ತಿದಾಗ ಕಂಪೈಲ್ ಮಾಡುವುದು, ಇತರ ಗ್ರಂಥಾಲಯಗಳೊಂದಿಗೆ ಜೋಡಿಸುವುದು ಮತ್ತು ನಡೆಸುವುದು ತಾನಾಗಿಯೇ ಆಗುವುದರಿಂದ, ಆ ಹಂತಗಳ ಪರಿಚಯವಿಲ್ಲದವರು ಐಡಿಇ ಇಲ್ಲದ ಸರ್ವರ್‌ನಲ್ಲಿ ದೋಷ ಎದುರಾದಾಗ ಕಷ್ಟಪಡುತ್ತಾರೆ. ಒಬ್ಬರ ಗಣಕದಲ್ಲಿ ನಡೆಯುವ ಪ್ರೋಗ್ರಾಂ ಮತ್ತೊಬ್ಬರಲ್ಲಿ ನಡೆಯದಿರುವುದಕ್ಕೂ ಐಡಿಇಯ ವೈಯಕ್ತಿಕ ಸಂಯೋಜನೆಗಳು ಕೆಲವೊಮ್ಮೆ ಕಾರಣವಾಗುತ್ತವೆ. ಇದನ್ನು ತಪ್ಪಿಸಲು ಅನೇಕ ತಂಡಗಳು ನಿರ್ಮಾಣದ ಹಂತಗಳನ್ನು ಪ್ರತ್ಯೇಕ ಕಡತದಲ್ಲಿ ಬರೆದಿಟ್ಟು, ಅದನ್ನು ಐಡಿಇಯಿಂದಲೂ ಆದೇಶ ಸಾಲಿನಿಂದಲೂ ನಡೆಸುವಂತೆ ಏರ್ಪಡಿಸುತ್ತವೆ.

ಬೀದರ್ ಜಿಲ್ಲೆಯಲ್ಲಿ ಕಲಿಕೆ

ಕರ್ನಾಟಕದ ಉತ್ತರ ತುದಿಯಲ್ಲಿರುವ ಬೀದರ್ ಜಿಲ್ಲೆಯಲ್ಲಿ ತಾಂತ್ರಿಕ ಶಿಕ್ಷಣಕ್ಕೆ ನಾಲ್ಕು ದಶಕಗಳ ಹಿನ್ನೆಲೆಯಿದೆ. ಬೀದರ್ ನಗರದ ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜು 1980ರಲ್ಲಿ ಸ್ಥಾಪನೆಯಾಯಿತು. ಭಾಲ್ಕಿಯಲ್ಲಿ 1982ರಲ್ಲಿ ರೂರಲ್ ಎಂಜಿನಿಯರಿಂಗ್ ಕಾಲೇಜು ಎಂಬ ಹೆಸರಿನಲ್ಲಿ ಆರಂಭವಾದ ಸಂಸ್ಥೆ ಈಗ ಭೀಮಣ್ಣ ಖಂಡ್ರೆ ತಾಂತ್ರಿಕ ಮಹಾವಿದ್ಯಾಲಯವಾಗಿದೆ. ಔರಾದ್‌ನಲ್ಲಿ ಸರ್ಕಾರಿ ಪಾಲಿಟೆಕ್ನಿಕ್ ಇದೆ. ಎಂಜಿನಿಯರಿಂಗ್ ಪದವಿಯ ಪಠ್ಯಕ್ರಮವನ್ನು 1998ರಲ್ಲಿ ಸ್ಥಾಪಿತವಾದ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ರೂಪಿಸುತ್ತದೆ. ತಂತ್ರಾಂಶ ಉದ್ಯೋಗವನ್ನು ಅರಸುವ ಇಲ್ಲಿನ ಪದವೀಧರರು ಹೈದರಾಬಾದ್, ಬೆಂಗಳೂರು ಮತ್ತು ಪುಣೆಯಂತಹ ನಗರಗಳತ್ತ ಹೋಗುವುದು ಸಾಮಾನ್ಯ.

ಕಲಿಕೆಯಲ್ಲಿ ಬಳಸುವ ಐಡಿಇಗೂ ಉದ್ಯೋಗದಲ್ಲಿನ ಐಡಿಇಗೂ ಇರುವ ಅಂತರ ಭಾರತದ ಅನೇಕ ಕಾಲೇಜುಗಳಲ್ಲಿ ಚರ್ಚೆಗೆ ಬಂದಿರುವ ವಿಷಯ. ಟರ್ಬೊ ಸಿ++ ಬಹುಕಾಲ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿತ್ತು. ಅದು ಡಾಸ್ ಕಾರ್ಯಾಚರಣಾ ವ್ಯವಸ್ಥೆಗಾಗಿ ರಚಿತವಾದದ್ದು ಮತ್ತು ಸಿ++ ಭಾಷೆಗೆ 1998ರಲ್ಲಿ ಅಂತಾರಾಷ್ಟ್ರೀಯ ಮಾನಕ ರೂಪುಗೊಳ್ಳುವ ಮೊದಲೇ ಬಂದದ್ದು. ಅದರಲ್ಲಿ ಸರಿಯಾಗಿ ನಡೆಯುವ ಅನೇಕ ಪ್ರೋಗ್ರಾಂಗಳನ್ನು ಇಂದಿನ ಕಂಪೈಲರ್‌ಗಳು ತಿರಸ್ಕರಿಸುತ್ತವೆ. ಹೀಗಾಗಿ ಅದರಲ್ಲಿ ಮಾತ್ರ ಅಭ್ಯಾಸ ಮಾಡಿದವರು ಉದ್ಯೋಗಕ್ಕೆ ಸೇರಿದಾಗ ಸಾಧನವನ್ನಷ್ಟೇ ಅಲ್ಲದೆ ಭಾಷೆಯ ಕೆಲವು ಭಾಗಗಳನ್ನೂ ಮತ್ತೆ ಕಲಿಯಬೇಕಾಗುತ್ತದೆ. ನಂತರದ ಪಠ್ಯಕ್ರಮಗಳು ಈ ಅಂತರವನ್ನು ಕಡಿಮೆ ಮಾಡಿವೆ. ವಿಶ್ವವಿದ್ಯಾಲಯದ 2018ರ ಪಠ್ಯಕ್ರಮದಲ್ಲಿ ಆಂಡ್ರಾಯ್ಡ್ ಸ್ಟುಡಿಯೊ ಬಳಸುವ ಮೊಬೈಲ್ ಆನ್ವಯಿಕ ತಂತ್ರಾಂಶ ಪ್ರಯೋಗಾಲಯ ಸೇರಿತು. 2022ರ ಪಠ್ಯಕ್ರಮದಲ್ಲಿ ಕೋಡಿನ ಆವೃತ್ತಿಗಳನ್ನು ನಿರ್ವಹಿಸುವ ಗಿಟ್ ಸಾಧನಕ್ಕೆ ಪ್ರತ್ಯೇಕ ವಿಷಯವಿದೆ.

ಹೊಸ ಸಾಧನಗಳು ಯಂತ್ರಸಾಮರ್ಥ್ಯವನ್ನು ಬೇಡುತ್ತವೆ. ಆಂಡ್ರಾಯ್ಡ್ ಸ್ಟುಡಿಯೊದ ಇತ್ತೀಚಿನ ಆವೃತ್ತಿಗಳಿಗೆ ಕನಿಷ್ಠ 8 ಜಿಬಿ ಸ್ಮೃತಿ ಬೇಕು. ಫೋನಿನ ಅನುಕರಣವನ್ನು ಕಂಪ್ಯೂಟರ್‌ನಲ್ಲೇ ನಡೆಸುವ ಎಮ್ಯುಲೇಟರ್ ಬಳಸಿದರೆ ಹೊರೆ ಇನ್ನೂ ಹೆಚ್ಚುತ್ತದೆ. ಕಡಿಮೆ ಸಾಮರ್ಥ್ಯದ ಕಂಪ್ಯೂಟರ್ ಇರುವವರು ಎಮ್ಯುಲೇಟರ್ ಬದಲು ತಮ್ಮ ಫೋನನ್ನೇ ಯುಎಸ್‌ಬಿ ತಂತಿಯಿಂದ ಜೋಡಿಸಿ ಪರೀಕ್ಷಿಸಬಹುದು. ಪೈಥಾನ್ ಕಲಿಯುವವರಿಗೆ ಐಡಲ್ ಅಥವಾ ಥಾನಿಯಂತಹ ಚಿಕ್ಕ ಐಡಿಇಗಳು ಸಾಕಾಗುತ್ತವೆ.

ಕನ್ನಡ ಮತ್ತು ಬಹುಲಿಪಿ ಪಠ್ಯ

ಐಡಿಇಗಳು ಬಹುಮಟ್ಟಿಗೆ ಲ್ಯಾಟಿನ್ ಲಿಪಿಯನ್ನು ಗಮನದಲ್ಲಿರಿಸಿಕೊಂಡು ರೂಪುಗೊಂಡವು. ಕನ್ನಡ, ಮರಾಠಿ ಮತ್ತು ಉರ್ದು ಬಳಕೆಯಲ್ಲಿರುವ ಬೀದರ್‌ನಂತಹ ಜಿಲ್ಲೆಗೆ ತಂತ್ರಾಂಶ ರಚಿಸುವಾಗ ಇದರ ಪರಿಣಾಮ ಸ್ಪಷ್ಟವಾಗಿ ಕಾಣುತ್ತದೆ. ಕೋಡಿನ ಸಂಪಾದಕಗಳು ಪ್ರತಿ ಅಕ್ಷರಕ್ಕೂ ಸಮಾನ ಅಗಲವಿರುವ ಅಕ್ಷರಶೈಲಿಗಳನ್ನು ಬಳಸುತ್ತವೆ. ಕನ್ನಡದ ಒತ್ತಕ್ಷರ ಮತ್ತು ಗುಣಿತಾಕ್ಷರಗಳ ಅಗಲ ಸಮಾನವಲ್ಲದ ಕಾರಣ ಕನ್ನಡ ಪಠ್ಯವಿರುವ ಸಾಲುಗಳಲ್ಲಿ ಕಂಬಸಾಲುಗಳು ಸರಿಹೊಂದುವುದಿಲ್ಲ.

ಕನ್ನಡವು 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡ್ ಮಾನಕದಲ್ಲಿದೆ. ಓದುಗರಿಗೆ ಕಾಣುವ ಅಕ್ಷರಗಳ ಸಂಖ್ಯೆಗೂ ಅದರಲ್ಲಿನ ಸಂಕೇತಗಳ ಸಂಖ್ಯೆಗೂ ವ್ಯತ್ಯಾಸವಿರುತ್ತದೆ. ‘ಭಾಲ್ಕಿ’ ಎಂಬುದು ಓದುವಾಗ ಎರಡು ಅಕ್ಷರ. ಯೂನಿಕೋಡ್‌ನಲ್ಲಿ ಅದು ಭ, ದೀರ್ಘದ ಚಿಹ್ನೆ, ಲ, ವಿರಾಮ, ಕ ಮತ್ತು ಗುಡಿಸು ಎಂಬ ಆರು ಸಂಕೇತಗಳು. ಯುಟಿಎಫ್-8 ರೂಪದಲ್ಲಿ 18 ಬೈಟ್‌ಗಳು. ಹೆಸರಿನ ಉದ್ದಕ್ಕೆ ಮಿತಿ ಹೇರುವ ಪ್ರೋಗ್ರಾಂ ಇವುಗಳಲ್ಲಿ ಯಾವುದನ್ನು ಎಣಿಸುತ್ತದೆ ಎಂಬುದು ತಿಳಿಯದಿದ್ದರೆ ಹೆಸರು ಅರ್ಧಕ್ಕೆ ಕತ್ತರಿಸಲ್ಪಡಬಹುದು.

ಹೋಲಿಕೆಯಲ್ಲಿ ಉಂಟಾಗುವ ದೋಷಗಳು ಇನ್ನೂ ಸೂಕ್ಷ್ಮವಾದವು. ‘ಬೀ’ ಅಕ್ಷರದಲ್ಲಿನ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ, ಗುಡಿಸು ಮತ್ತು ದೀರ್ಘ ಎಂಬ ಎರಡು ಸಂಕೇತಗಳಾಗಿಯೂ ಬರೆಯಲು ಯೂನಿಕೋಡ್‌ನಲ್ಲಿ ಅವಕಾಶವಿದೆ. ಆದ್ದರಿಂದ ‘ಬೀದರ್’ ಎಂಬ ಪದ ಒಂದು ದತ್ತಾಂಶದಲ್ಲಿ ಐದು ಸಂಕೇತಗಳಾಗಿ, ಮತ್ತೊಂದರಲ್ಲಿ ಆರು ಸಂಕೇತಗಳಾಗಿ ಇರಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಪ್ರೋಗ್ರಾಂ ಮಾತ್ರ ಅವು ಬೇರೆ ಬೇರೆ ಎನ್ನುತ್ತದೆ. ಬೀದರ ಮತ್ತು ಬೀದರ್, ಔರಾದ ಮತ್ತು ಔರಾದ್ ಎಂಬ ಎರಡು ಬಗೆಯ ಬರವಣಿಗೆಗಳೂ ರೂಢಿಯಲ್ಲಿವೆ. ಮೇಲೆ ಉದಾಹರಿಸಿದ ಮಳೆಯ ಲೆಕ್ಕದಲ್ಲಿ ಒಂದು ತಾಲ್ಲೂಕಿನ ಕೆಲವು ದಾಖಲೆಗಳು ಬಿಟ್ಟುಹೋಗುವುದಕ್ಕೆ ಇಂತಹ ವ್ಯತ್ಯಾಸವೇ ಕಾರಣವಾಗಬಹುದು. ಡಿಬಗ್ಗರ್ ಪದವನ್ನು ಮಾತ್ರ ತೋರಿಸಿದರೆ ಮೊದಲ ಬಗೆಯ ದೋಷ ಕಣ್ಣಿಗೆ ಬೀಳುವುದಿಲ್ಲ. ಪದದ ಉದ್ದವನ್ನು ಅಥವಾ ಒಂದೊಂದು ಸಂಕೇತವನ್ನು ಪ್ರತ್ಯೇಕವಾಗಿ ನೋಡಬೇಕಾಗುತ್ತದೆ. ಹೋಲಿಸುವ ಮೊದಲು ಎಲ್ಲ ಪಠ್ಯವನ್ನೂ ಯೂನಿಕೋಡ್‌ನ ಒಂದೇ ಪ್ರಮಾಣಿತ ರೂಪಕ್ಕೆ ತರುವುದು ಇದಕ್ಕೆ ಪರಿಹಾರ. ಬರವಣಿಗೆಯ ವ್ಯತ್ಯಾಸಗಳಿಗೆ ಪ್ರತಿ ತಾಲ್ಲೂಕಿಗೂ ಒಂದು ಸಂಖ್ಯಾಸಂಕೇತವನ್ನು ನೀಡುವ ಕ್ರಮ ಹೆಚ್ಚು ಸುರಕ್ಷಿತ.

ಪೈಥಾನ್ 3 ಮತ್ತು ಜಾವಾ ಭಾಷೆಗಳಲ್ಲಿ ಚರಾಂಕಗಳಿಗೆ ಕನ್ನಡದಲ್ಲಿಯೇ ಹೆಸರಿಡಬಹುದು. ಆದರೆ ‘ಸಾಫ್ಟ್‌ವೇರ್’ ಎಂಬ ಪದದಲ್ಲಿ ವಕಾರವು ಒತ್ತಾಗದಂತೆ ತಡೆಯಲು ಬಳಸುವ ಅಗೋಚರ ಸಂಕೇತವನ್ನು ಪೈಥಾನ್ ಹೆಸರುಗಳಲ್ಲಿ ಸ್ವೀಕರಿಸುವುದಿಲ್ಲ. ಬಲದಿಂದ ಎಡಕ್ಕೆ ಬರೆಯುವ ಉರ್ದು ಪಠ್ಯ ಸೇರಿದಾಗ ಸಂಪಾದಕದಲ್ಲಿ ಕಾಣುವ ಕ್ರಮವೂ ಕಡತದಲ್ಲಿರುವ ಕ್ರಮವೂ ಬೇರೆಯಾಗಬಹುದು. ದಿಕ್ಕನ್ನು ಬದಲಿಸುವ ಅಗೋಚರ ಸಂಕೇತಗಳಿಂದ ಹಾನಿಕಾರಕ ಕೋಡನ್ನು ಮರೆಮಾಡಲು ಸಾಧ್ಯ ಎಂದು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ನಿಕೋಲಸ್ ಬೌಚರ್ ಮತ್ತು ರಾಸ್ ಆಂಡರ್ಸನ್ 2021ರಲ್ಲಿ ತೋರಿಸಿದರು. ಅದಾದ ನಂತರ ವಿಷುಯಲ್ ಸ್ಟುಡಿಯೊ ಕೋಡ್ ಸೇರಿದಂತೆ ಹಲವು ಸಂಪಾದಕಗಳು ಇಂತಹ ಸಂಕೇತಗಳನ್ನು ಎದ್ದುಕಾಣುವಂತೆ ತೋರಿಸತೊಡಗಿದವು.

ಕೃತಕ ಬುದ್ಧಿಮತ್ತೆಯ ಸೇರ್ಪಡೆ

ಗಿಟ್‌ಹಬ್ ಕೋಪೈಲಟ್ 2021ರ ಜೂನ್‌ನಲ್ಲಿ ಪ್ರಾಯೋಗಿಕವಾಗಿ, 2022ರ ಜೂನ್‌ನಲ್ಲಿ ಸಾರ್ವಜನಿಕವಾಗಿ ಬಿಡುಗಡೆಯಾದ ಮೇಲೆ, ಸಾಲುಗಟ್ಟಲೆ ಕೋಡನ್ನು ಸೂಚಿಸುವ ಸಹಾಯಕಗಳು ಐಡಿಇಗಳ ಭಾಗವಾಗತೊಡಗಿವೆ. ಇವುಗಳ ಪರಿಣಾಮದ ಬಗ್ಗೆ ಒಮ್ಮತವಿಲ್ಲ. ಮೆಟರ್ ಸಂಸ್ಥೆಯು 2025ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಭಾಗವಹಿಸಿದ 16 ಅನುಭವಿ ಅಭಿವರ್ಧಕರು, ತಮಗೆ ಚೆನ್ನಾಗಿ ಪರಿಚಿತವಿದ್ದ ಮುಕ್ತ ತಂತ್ರಾಂಶ ಯೋಜನೆಗಳಲ್ಲಿ ಇಂತಹ ಸಾಧನಗಳನ್ನು ಬಳಸಿದಾಗ ಕೆಲಸಕ್ಕೆ ಶೇ. 19ರಷ್ಟು ಹೆಚ್ಚು ಸಮಯ ತೆಗೆದುಕೊಂಡರು. ಆದರೆ ಸುಮಾರು ಶೇ. 20ರಷ್ಟು ಸಮಯ ಉಳಿಯಿತೆಂದೇ ಅವರು ಭಾವಿಸಿದ್ದರು. ಇದು ಆ ಸಂದರ್ಭಕ್ಕೆ ಸೀಮಿತವಾದ ಫಲಿತಾಂಶವಾದ್ದರಿಂದ ಹೊಸಬರಿಗೆ ಅಥವಾ ಅಪರಿಚಿತ ಕೋಡಿಗೆ ನೇರವಾಗಿ ಅನ್ವಯಿಸುವಂತಿಲ್ಲ. ಸಹಾಯಕವು ಬರೆದ ಕೋಡ್ ಕೂಡ ಬೇರೆಯವರು ಬರೆದ ಕೋಡಿನಂತೆಯೇ ಓದಿ, ಪರೀಕ್ಷಿಸಿ ಒಪ್ಪಬೇಕಾದದ್ದು. ಈ ಕೆಲಸದಲ್ಲಿ ಸಂಚಾರ ಸೌಲಭ್ಯ, ಪರೀಕ್ಷೆಗಳು ಮತ್ತು ಡಿಬಗ್ಗರ್‌ಗಳ ಬಳಕೆ ಮುಂದುವರಿದಿದೆ.