ವಿದ್ಯಾಪೀಠದ ಕಟ್ಟಡಗಳೂ ಅನುಭವಿ ವಾಸ್ತುಶಿಲ್ಪಿಯೂ

ವಿಶ್ವವಿದ್ಯಾನಿಲಯವೊಂದು ತನ್ನ ನೆಲೆಯನ್ನು ಕಟ್ಟಿಕೊಳ್ಳಲು ಹೊರಟಾಗ, ಹಣದ ಪ್ರಶ್ನೆಯ ಬೆನ್ನಿಗೇ ಮತ್ತೊಂದು ಪ್ರಶ್ನೆ ಏಳುತ್ತದೆ: ಈ ಕೆಲಸದ ನೇತೃತ್ವವನ್ನು ಯಾರಿಗೆ ಒಪ್ಪಿಸಬೇಕು? ಮನೆ ಕಟ್ಟುವವನಿಗೆ ಅದರಲ್ಲಿ ವಾಸಿಸುವವರು ಯಾರೆಂಬುದು ಗೊತ್ತಿರುತ್ತದೆ. ವಿದ್ಯಾಪೀಠವನ್ನಾದರೋ ಇನ್ನೂ ಹುಟ್ಟದ ವಿದ್ಯಾರ್ಥಿಗಳಿಗಾಗಿ ಕಟ್ಟಬೇಕಾಗುತ್ತದೆ. ಆದುದರಿಂದ ಅನುಭವಸ್ಥನಾದ ವಾಸ್ತುಶಿಲ್ಪಿಯನ್ನು ನೇಮಿಸುವುದು ಲೇಸೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಅನುಭವವೆಂದರೆ ಯಾವ ಬಗೆಯದು, ನೇಮಕದೊಡನೆಯೇ ಸಂಸ್ಥೆಯ ಹೊಣೆ ತೀರುವುದೇ ಎಂಬುದನ್ನು ವಿಚಾರಿಸುವವರು ವಿರಳ. ನಮ್ಮ ದೇಶದ ಎರಡು ನಿದರ್ಶನಗಳ ಮೂಲಕ ಈ ವಿಷಯವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲನೆಯದು ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯ. ಕನ್ನಡನಾಡಿನ ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಅಂದು ನಿಜಾಮ ಸಂಸ್ಥಾನಕ್ಕೆ ಸೇರಿದ್ದುದರಿಂದ ಇದರ ಚರಿತ್ರೆ ನಮಗೆ ಹೊರಗಿನದಲ್ಲ. 1918ರಲ್ಲಿ ಸ್ಥಾಪಿತವಾದ ಈ ವಿದ್ಯಾಪೀಠ ಉರ್ದುವನ್ನು ಬೋಧನಭಾಷೆಯಾಗಿ ಸ್ವೀಕರಿಸಿತು. ಮೊದಲ ವರ್ಷಗಳಲ್ಲಿ ಅದಕ್ಕೆ ಸ್ವಂತ ಕಟ್ಟಡವಿರಲಿಲ್ಲ. ಬಾಡಿಗೆಯ ಮನೆಗಳಲ್ಲಿಯೇ ಪಾಠಗಳು ನಡೆಯುತ್ತಿದ್ದುವು.

ಊರ ಹೊರಗೆ ಅಡಿಕ್ಮೆಟ್ಟಿನ ಬಳಿ ವಿಶಾಲವಾದ ನಿವೇಶನ ದೊರೆತ ಮೇಲೆ ಸಂಸ್ಥಾನವು ಕೈಗೊಂಡ ಕ್ರಮ ಗಮನಾರ್ಹವಾದುದು. ವಾಸ್ತುಶಿಲ್ಪಿಯನ್ನು ಗೊತ್ತುಮಾಡುವ ಮೊದಲು, ತನ್ನವರೇ ಆದ ಝೈನ್ ಯಾರ್ ಜಂಗ್ ಮತ್ತು ಸೈಯದ್ ಅಲಿ ರಜಾ ಎಂಬ ಇಬ್ಬರನ್ನು ವಿದೇಶಗಳ ವಿಶ್ವವಿದ್ಯಾನಿಲಯಗಳನ್ನು ಕಂಡು ಬರಲು ಅದು ಕಳುಹಿಸಿತು. ಅನುಭವವುಳ್ಳವನನ್ನು ಆರಿಸಬೇಕಾದರೆ ಆರಿಸುವವರಿಗೂ ಒಂದಿಷ್ಟು ಅನುಭವ ಬೇಕೆಂಬ ತಿಳಿವಳಿಕೆ ಈ ಏರ್ಪಾಡಿನಲ್ಲಿ ವ್ಯಕ್ತವಾಗುತ್ತದೆ. ಈ ಪ್ರಯತ್ನದ ಫಲವಾಗಿ ಆಯ್ಕೆಯಾದವರು ಬೆಲ್ಜಿಯಮ್ ದೇಶದ ಅರ್ನೆಸ್ಟ್ ಜಾಸ್ಪರ್. ಇವರು ಈಜಿಪ್ಟಿನಲ್ಲಿ ನೆಲಸಿ, ಕೈರೋ ನಗರದ ಹೊರವಲಯದ ಹೀಲಿಯೋಪೊಲಿಸಿನಲ್ಲಿ ಅರಮನೆಯಂತಹ ದೊಡ್ಡ ಹೋಟೆಲನ್ನು 1910ರ ವೇಳೆಗೆ ಕಟ್ಟಿ ಮುಗಿಸಿದ್ದರು. ಬಿಸಿಲಿನ ನಾಡಿನಲ್ಲಿ, ಇಸ್ಲಾಮೀ ವಾಸ್ತುವಿನ ನಡುವೆ, ಭಾರಿಯ ಕಟ್ಟಡಗಳನ್ನು ನಿರ್ಮಿಸಿದ ಅವರ ಪರಿಚಯ ಹೈದರಾಬಾದಿಗೆ ಒದಗುವಂತಹುದಾಗಿತ್ತು. ಹೆಸರಿನ ಹಿರಿಮೆಗಿಂತಲೂ ಈ ಬಗೆಯ ಹೊಂದಿಕೆಯೇ ಇಲ್ಲಿ ಮುಖ್ಯವೆಂದು ತೋರುತ್ತದೆ.

1934ರ ಜುಲೈ 5ರಂದು ಆರ್ಟ್ಸ್ ಕಾಲೇಜಿಗೆ ಶಂಕುಸ್ಥಾಪನೆಯಾಗಿ, 1939ರ ಡಿಸೆಂಬರ್ 4ರಂದು ಪ್ರಾರಂಭೋತ್ಸವ ನಡೆಯಿತು. ಗ್ರಾನೈಟ್ ಶಿಲೆಯ ಆ ಭವ್ಯ ಕಟ್ಟಡದಲ್ಲಿ ಇಸ್ಲಾಮೀ ಕಮಾನುಗಳೂ ದಖ್ಖನಿನ ದೇವಾಲಯಗಳನ್ನು ನೆನಪಿಗೆ ತರುವ ಕಂಬಗಳೂ ಒಂದುಗೂಡಿವೆ. ಆದರೆ ಕಟ್ಟಡ ಪೂರ್ಣವಾಗುವವರೆಗೆ ಜಾಸ್ಪರ್ ಹೈದರಾಬಾದಿನಲ್ಲಿ ನಿಲ್ಲಲಿಲ್ಲ. ಕೆಲಸವನ್ನು ಮುಂದುವರಿಸಿದ ಹೊಣೆ ಝೈನ್ ಯಾರ್ ಜಂಗ್ ಅವರದಾಯಿತು. ಆಯ್ಕೆಯ ಕಾಲದಿಂದಲೂ ಜೊತೆಗಿದ್ದ ಇಂತಹ ಒಬ್ಬರು ಇಲ್ಲದಿದ್ದಲ್ಲಿ, ವಿದೇಶೀಯ ತಜ್ಞರ ನಿರ್ಗಮನದಿಂದ ಕೆಲಸವು ದಿಕ್ಕುಗೆಡಬಹುದಾಗಿತ್ತು.

ಎರಡನೆಯ ನಿದರ್ಶನ ಸ್ವಾತಂತ್ರ್ಯಾನಂತರದ್ದು. ಅಹಮದಾಬಾದಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ 1961ರಲ್ಲಿ ಸ್ಥಾಪಿತವಾಯಿತು. ವಿಜ್ಞಾನಿ ವಿಕ್ರಮ ಸಾರಾಭಾಯಿ ಹಾಗೂ ಉದ್ಯಮಪತಿ ಕಸ್ತೂರಭಾಯಿ ಲಾಲಭಾಯಿ ಅದರ ಹಿಂದಿದ್ದರು. ಕಟ್ಟಡದ ಕೆಲಸ ತಮ್ಮ ಬಳಿಗೆ ಬಂದಾಗ ತರುಣ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯವರು ಅದನ್ನು ತಾವೇ ವಹಿಸಿಕೊಳ್ಳದೆ, ಅಮೆರಿಕದ ಲೂಯಿ ಕಾನ್ ಅವರನ್ನು ಕರೆಸುವಂತೆ ಸಲಹೆಮಾಡಿ, ತಾವು ಸಹಾಯಕರಾಗಿ ನಿಂತರು. 1962ರಲ್ಲಿ ಭಾರತಕ್ಕೆ ಬಂದಾಗ ಕಾನರ ವಯಸ್ಸು ಅರುವತ್ತನ್ನು ದಾಟಿತ್ತು.

ಅವರ ಅನುಭವದಲ್ಲಿ ಸಫಲತೆಯೊಡನೆ ಕೊರತೆಗಳೂ ಸೇರಿದ್ದುವೆಂಬುದು ಇಲ್ಲಿ ಸ್ಮರಣಾರ್ಹ. ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯಕ್ಕಾಗಿ ಅವರು ರಚಿಸಿದ ರಿಚರ್ಡ್ಸ್ ವೈದ್ಯಕೀಯ ಪ್ರಯೋಗಾಲಯ ಬಹಳ ಹೆಸರು ಪಡೆದಿದ್ದರೂ, ಕಿಟಕಿಗಳಿಂದ ಕಣ್ಣು ಕೋರೈಸುವ ಬೆಳಕು ನುಗ್ಗುವುದೆಂದು ಅಲ್ಲಿನ ವಿಜ್ಞಾನಿಗಳು ದೂರಿದ್ದರು. ಅಹಮದಾಬಾದಿನಲ್ಲಿ ಕೊಠಡಿಗಳು ಗೋಡೆಯ ಹೊರಮೈಯಿಂದ ಒಳಗೆ ಸರಿದು, ಆಳವಾದ ನೆರಳಿನ ಹಿಂದೆ ಇವೆ. ಬೀಸುವ ಗಾಳಿ ಒಳಗೆ ಹಾಯುವಂತೆ ವಿದ್ಯಾರ್ಥಿನಿಲಯಗಳ ದಿಕ್ಕು ಗೊತ್ತಾಗಿದೆ. ಕಟ್ಟಡದ್ರವ್ಯ ಅಲ್ಲಿಯದೇ ಆದ ಇಟ್ಟಿಗೆ. ಕಮಾನು ಚಪ್ಪಟೆಯಾದಷ್ಟೂ ಪಕ್ಕಗಳನ್ನು ಹೊರಕ್ಕೆ ನೂಕುವ ಅದರ ಒತ್ತಡ ಹೆಚ್ಚು. ಅದನ್ನು ತಡೆಯಲು, ಉಕ್ಕಿನ ಸರಳು ಹುದುಗಿಸಿದ ಕಾಂಕ್ರೀಟಿನ ಅಡ್ಡಪಟ್ಟಿ ಕಮಾನಿನ ಎರಡು ಪಾದಗಳನ್ನೂ ಬಿಗಿಹಿಡಿಯುತ್ತದೆ. ಪ್ರಾಚೀನವಾದ ಕಮಾನೂ ಆಧುನಿಕವಾದ ಕಾಂಕ್ರೀಟೂ ಒಂದರ ಕೊರತೆಯನ್ನು ಇನ್ನೊಂದು ತುಂಬಿವೆ.

ಇಷ್ಟಾದರೂ ಕಾನರು ದೂರದ ಫಿಲಡೆಲ್ಫಿಯದವರು. ಢಾಕಾದ ಸಂಸತ್ ಭವನದ ಭಾರವೂ ಅವರ ಮೇಲಿತ್ತು. ಅಹಮದಾಬಾದಿನಲ್ಲಿ ನಿಂತು ಕೆಲಸ ನೋಡಿದವರು ದೋಶಿ, ಹಾಗೂ ಕಾನರ ಕಚೇರಿಯಲ್ಲಿಯೇ ಪಳಗಿ ಬಂದ ಅನಂತ ರಾಜೆ. 1974ರ ಮಾರ್ಚ್ 17ರಂದು, ಅಹಮದಾಬಾದಿನಿಂದ ಹಿಂದಿರುಗುತ್ತಿದ್ದಾಗ, ನ್ಯೂಯಾರ್ಕಿನ ರೈಲು ನಿಲ್ದಾಣದಲ್ಲಿ ಕಾನರು ಹೃದಯಾಘಾತದಿಂದ ತೀರಿಕೊಂಡರು. ಆದರೂ ನಿರ್ಮಾಣದ ಸೂತ್ರ ಹರಿಯಲಿಲ್ಲ. ಆ ಬಳಿಕ ಸೇರಿದ ಕೆಲವು ಕಟ್ಟಡಗಳನ್ನು ರಾಜೆಯವರು ಅದೇ ಮನೋಧರ್ಮದಿಂದ ರಚಿಸಿದರು. ದೋಶಿಯವರಾದರೋ 1977ರಿಂದ ಮುಂದೆ ಬೆಂಗಳೂರಿನಲ್ಲಿ, ಬನ್ನೇರುಘಟ್ಟ ರಸ್ತೆಯ ಇಂತಹುದೇ ಸಂಸ್ಥೆಗೆ ನಕ್ಷೆ ಸಿದ್ಧಪಡಿಸಿದರು. ಅಲ್ಲಿ ಅವರು ಅಹಮದಾಬಾದನ್ನು ಅನುಕರಿಸಲಿಲ್ಲ. ಇಲ್ಲಿಯ ಬೂದುಬಣ್ಣದ ಕಗ್ಗಲ್ಲನ್ನು ಬಳಸಿ, ಹಿತವಾದ ಹವೆಗೆ ತಕ್ಕಂತೆ, ಆಕಾಶ ಕಾಣುವ ನಡುವೆಗಳನ್ನೂ ಗಿಡಬಳ್ಳಿಗಳಿಂದ ತುಂಬಿದ ಅಂಗಳಗಳನ್ನೂ ಹೆಣೆದರು. ಅನುಭವವೆಂದರೆ ಹಿಂದೆ ಮಾಡಿದುದನ್ನೇ ಮರಳಿ ಮಾಡುವುದಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕಟ್ಟಿದವರ ತಿಳಿವಳಿಕೆ ಕಾಪಾಡುವವರಿಗೂ ದಾಟಬೇಕಷ್ಟೆ. 2001ರ ಗುಜರಾತಿನ ಭೂಕಂಪದಿಂದ ಅಹಮದಾಬಾದಿನ ಈ ಕಟ್ಟಡಗಳಿಗೆ ಧಕ್ಕೆಯಾಯಿತು. ಕಾಲಕ್ರಮದಲ್ಲಿ ಇಟ್ಟಿಗೆ ಸವೆದು, ಒಳಗಿನ ಸರಳುಗಳು ತುಕ್ಕುಹಿಡಿದುವು. ಅಲ್ಲಿಯ ಗ್ರಂಥಾಲಯವನ್ನು ಶ್ರದ್ಧೆಯಿಂದ ಜೀರ್ಣೋದ್ಧಾರ ಮಾಡಿದ ಕಾರ್ಯಕ್ಕೆ 2019ರಲ್ಲಿ ಯುನೆಸ್ಕೋ ಪ್ರಶಸ್ತಿ ಬಂದಿತು. ಆದರೆ ಮರುವರ್ಷದ ಡಿಸೆಂಬರಿನಲ್ಲಿಯೇ ಹದಿನೆಂಟು ವಿದ್ಯಾರ್ಥಿನಿಲಯಗಳ ಪೈಕಿ ಹದಿನಾಲ್ಕನ್ನು ಕೆಡವಿ ಹೊಸದಾಗಿ ಕಟ್ಟುವ ಆಲೋಚನೆಯನ್ನು ಸಂಸ್ಥೆ ಪ್ರಕಟಿಸಿತು. ಹಲವು ದೇಶಗಳ ವಿದ್ವಾಂಸರು ಪ್ರತಿಭಟಿಸಿದುದರಿಂದ 2021ರ ಜನವರಿ 1ರಂದು ಅದು ಹಿಂದೆಗೆಯಿತು. 2022ರ ನವೆಂಬರಿನಲ್ಲಿ ಪುನರ್ನಿರ್ಮಾಣದ ಮಾತು ಮತ್ತೆ ಎದ್ದಿತು. ವಾಸಿಸುವವರ ಕ್ಷೇಮ ಹಗುರವಾದ ವಿಷಯವಲ್ಲ. ಸಂಸ್ಥೆಯ ಆತಂಕವನ್ನು ಕೇವಲ ಅನಾದರವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆದರೂ ಕಟ್ಟಿದ ಕ್ರಮ, ಬಳಸಿದ ವಸ್ತು, ಮಾಡಿದ ರಿಪೇರಿ ಇವುಗಳ ತಿಳಿವಳಿಕೆ ತಲೆಮಾರಿನಿಂದ ತಲೆಮಾರಿಗೆ ತುಂಡಾಗದೆ ಬಂದರೆ, ಕೆಡಹುವುದೋ ಉಳಿಸುವುದೋ ಎಂಬ ತೀರ್ಮಾನಕ್ಕೆ ದೃಢವಾದ ಆಧಾರ ಸಿಗುತ್ತದೆ.

ಕಟ್ಟಡ ಸಮಿತಿಗಳಲ್ಲಿ ಇಂದು ಅಧ್ಯಾಪಕರೂ ಕುಳಿತುಕೊಳ್ಳುವುದುಂಟು. ಅಂತಹವರು ಮೂರು ಸಂಗತಿಗಳನ್ನು ಲಕ್ಷ್ಯದಲ್ಲಿಡುವುದು ಒಳ್ಳೆಯದು. ಮೊದಲನೆಯದಾಗಿ, ವಾಸ್ತುಶಿಲ್ಪಿ ಕಟ್ಟಿದ ಕಟ್ಟಡಗಳನ್ನು ಎಣಿಸುವುದಷ್ಟೇ ಸಾಲದು. ಅವು ಎಂತಹ ಹವೆಯಲ್ಲಿ, ಯಾವ ದ್ರವ್ಯದಿಂದ, ಯಾರಿಗಾಗಿ ಆದುವೆಂಬುದನ್ನು ನೋಡಬೇಕು. ಅವುಗಳಲ್ಲಿ ಕೆಲಸ ಮಾಡುವವರನ್ನು ವಿಚಾರಿಸಬೇಕು. ಎರಡನೆಯದಾಗಿ, ಸಂಸ್ಥೆಯ ಪರವಾಗಿ ಮೊದಲಿನಿಂದ ಕಡೆಯವರೆಗೆ ನಿಲ್ಲುವ ತಿಳಿವಳಿಕಸ್ಥರೊಬ್ಬರು ಸ್ಥಳದಲ್ಲಿಯೇ ಇರಬೇಕು. ಮೂರನೆಯದಾಗಿ, ನಕ್ಷೆಗಳನ್ನೂ ನಿರ್ಮಾಣದ ದಾಖಲೆಗಳನ್ನೂ ಗ್ರಂಥಾಲಯದ ಹಸ್ತಪ್ರತಿಗಳಷ್ಟೇ ಜತನದಿಂದ ಕಾಯಬೇಕು. ಈ ಕಡೆಯ ಕಾರ್ಯದಲ್ಲಿ ಚರಿತ್ರೆಯ ಅಧ್ಯಾಪಕರೂ ವಿದ್ಯಾರ್ಥಿಗಳೂ ನೆರವಾಗಬಲ್ಲರು. ತಮ್ಮ ಕಾಲೇಜಿನ ಕಟ್ಟಡವನ್ನು ಕಟ್ಟಿದವರಾರು, ಅದರ ನಕ್ಷೆ ಈಗ ಎಲ್ಲಿದೆ ಎಂಬುದನ್ನು ಶೋಧಿಸುವುದರಿಂದಲೇ ಈ ಕೆಲಸವನ್ನು ಆರಂಭಿಸಬಹುದು.